ಮೊದಲು ಬತಾಕದ ನಂಬರು: ಕುವೈತ್‌ನ ಮನೆಗೆಲಸದ ಕೇಸನ್ನು ಇಲ್ಲಿಂದ ಹಿಡಿಯುವ ಬಗೆ

ಕುವೈತ್‌ನಲ್ಲಿ ಮನೆಗೆಲಸಕ್ಕಿರುವ ಹೆಂಗಸಿನಿಂದ ಫೋನ್ ಬಂದರೆ, ಅಂಥ ಕೇಸುಗಳಲ್ಲಿ ಊರಿನಿಂದಲೇ ನೆರವಾಗುವ ನಾವು ಮೊದಲು ಕೇಳುವುದು ‘ಏನಾಯ್ತಮ್ಮ’ ಅಂತಲ್ಲ, ‘ಬತಾಕ ಇದೆಯಾ’ ಅಂತ. ಬತಾಕ ಅಂದರೆ ಅಲ್ಲಿನ ಸಿವಿಲ್ ಐಡಿ ಕಾರ್ಡು. ಪಕ್ಕದಲ್ಲಿ ಕೂತ ಮನೆಯವರಿಗೆ ಇದು ಕಲ್ಲುಮನಸ್ಸು ಅನ್ನಿಸುತ್ತದೆ. ಆದರೆ ಆ ಫೋನ್ ಆಕೆಯ ಕೈಯಲ್ಲಿ ಇನ್ನೆಷ್ಟು ಹೊತ್ತು ಇರುತ್ತದೋ ಯಾರಿಗೂ ಗೊತ್ತಿಲ್ಲ. ಕಿತ್ತುಕೊಂಡ ಮೇಲೆ ನಮ್ಮ ಹತ್ತಿರ ಉಳಿಯುವುದು ಆಕೆ ಅಷ್ಟರಲ್ಲಿ ಕಳಿಸಿದ ಫೋಟೊಗಳು ಮಾತ್ರ. ಕಷ್ಟಸುಖ ಆಮೇಲೆ ಕೇಳಬಹುದು.

ಬತಾಕದ ನಂಬರು 12 ಅಂಕಿಯದು. ಮೊದಲ ಅಂಕಿ ಶತಮಾನದ್ದು: 1900ರ ಶತಮಾನದಲ್ಲಿ ಹುಟ್ಟಿದವರಿಗೆ 2, 2000ದಿಂದೀಚೆಗೆ ಹುಟ್ಟಿದವರಿಗೆ 3. ಮುಂದಿನ 6 ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. 1988ರ ಆಗಸ್ಟ್ 14ರಂದು ಹುಟ್ಟಿದವಳ ನಂಬರು 2880814 ಅಂತಲೇ ಶುರುವಾಗಬೇಕು. ಬಾಯಲ್ಲಿ ಹೇಳಿದ ನಂಬರಿನಲ್ಲಿ ತಪ್ಪಿದ್ದರೆ ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಆದರೆ ಹೋಲಿಸುವುದು ಪಾಸ್‌ಪೋರ್ಟಿನ ಜನ್ಮದಿನಾಂಕದ ಜೊತೆ, ಆಧಾರ್ ಜೊತೆ ಅಲ್ಲ. ಇಸಿಆರ್ ಪಾಸ್‌ಪೋರ್ಟಿನ, ಅಂದರೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟಿನ, ಹೆಂಗಸು ಮನೆಗೆಲಸಕ್ಕೆ ಹೋಗಬೇಕಾದರೆ 30 ತುಂಬಿರಬೇಕು ಅನ್ನುವ ನಿಯಮವಿದೆ. ಆ ಗೆರೆ ದಾಟಿಸಲು ಏಜೆಂಟರು ವಯಸ್ಸು ಏರಿಸಿಬಿಟ್ಟಿರುತ್ತಾರೆ. ಎರಡು ತಾರೀಖು ಹೊಂದದಿದ್ದರೆ ಗಾಬರಿ ಬೇಡ, ಬರೆದಿಟ್ಟುಕೊಳ್ಳಿ. ಏಜೆಂಟನ ಮೇಲಿನ ಕೇಸಿಗೆ ಅದೂ ಒಂದು ಸಾಕ್ಷಿ.

ಮುಂದಿನದು ವಿಳಾಸ. ‘ದೊಡ್ಡ ಬಿಳಿ ಮನೆ, ಪಕ್ಕದಲ್ಲಿ ಮಸೀದಿ’ ಅನ್ನುತ್ತಾರೆ. ಅಲ್ಲಿ ದೊಡ್ಡ ಬಿಳಿ ಮನೆಗಳಿಗೂ ಬರವಿಲ್ಲ, ಮಸೀದಿಗಳಿಗೂ ಬರವಿಲ್ಲ. ಪ್ರತಿ ಕಟ್ಟಡದ ಬಾಗಿಲ ಬಳಿ ಒಂದು ಸಣ್ಣ ಫಲಕ ಹೊಡೆದಿರುತ್ತಾರೆ, ಅದರಲ್ಲಿ 8 ಅಂಕಿಯ ನಂಬರು ಇರುತ್ತದೆ. ಸಿವಿಲ್ ಐಡಿ ಕೊಡುವ ಪಾಸಿ ಇಲಾಖೆಯೇ ಕೊಟ್ಟ ನಂಬರು ಅದು. ‘ಕುವೈತ್ ಫೈಂಡರ್’ ಆ್ಯಪಿನಲ್ಲಿ ಹಾಕಿದರೆ ಮನೆಯೇ ತೋರಿಸುತ್ತದೆ. ಕಸ ಹಾಕಲು ಗೇಟಿನಾಚೆ ಬಂದಾಗ ಆ ಫಲಕ ನೋಡಿ, ಒಂದೊಂದೇ ಅಂಕಿಯಾಗಿ ವಾಯ್ಸ್ ಮೆಸೇಜಿನಲ್ಲಿ ಹೇಳು ಅನ್ನುತ್ತೇವೆ. ಲೈವ್ ಲೊಕೇಶನ್ ಇದ್ದರೂ ಇದು ಬೇಕು, ಏಕೆಂದರೆ ಫೋನ್ ಆಫ್ ಆದರೆ ಲೊಕೇಶನ್ನೂ ಹೋಯಿತು.

ಇಷ್ಟಾದ ಮೇಲೆ ವೀಸಾ. 20ನೇ ವಿಧಿಯ ವೀಸಾ ಅಂದರೆ ಮನೆಗೆಲಸ, 18 ಅಂದರೆ ಖಾಸಗಿ ಕಂಪನಿ. 20 ಇದ್ದರೆ 2015ರ 68ನೇ ಕಾನೂನು ಅನ್ವಯಿಸುತ್ತದೆ: ದಿನಕ್ಕೆ ಹೆಚ್ಚೆಂದರೆ 12 ಗಂಟೆ ಕೆಲಸ, ವಾರಕ್ಕೊಂದು ದಿನ ಸಂಬಳಸಹಿತ ರಜೆ, ವರ್ಷಕ್ಕೆ 30 ದಿನದ ರಜೆ, ಕೆಲಸ ಬಿಡುವಾಗ ದುಡಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಡಿಸಿ ಕೆಲಸಕ್ಕಿಟ್ಟುಕೊಂಡ ಯಜಮಾನನ, ಬೀರುವಿನಲ್ಲಿ ಇರಕೂಡದು ಅಂತಲೂ ಅದೇ ಕಾನೂನು ಹೇಳುತ್ತದೆ, ಇರುವುದು ಮಾತ್ರ ಅಲ್ಲಿಯೇ. ಪಾಸ್‌ಪೋರ್ಟ್ ಕೇಳಿ ಜಗಳ ಮಾಡಿಸಬೇಡಿ. ಅದರ ಫೋಟೊ ಇದ್ದರೆ ನಮಗೆ ಅರ್ಧ ಕೆಲಸ ಆದಂತೆ.

ವಿಸಿಟ್ ವೀಸಾ ಅಂದರೆ ಕಥೆಯೇ ಬೇರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ ಬೀಳುತ್ತದೆ. ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಲಸೆ ಅನುಮತಿ ಬೇಕು. ಹೆಂಗಸರಾದರೆ ಕಳಿಸುವುದೂ ಸರ್ಕಾರಿ ನೇಮಕಾತಿ ಸಂಸ್ಥೆಯ ಮೂಲಕವೇ: ತೆಲಂಗಾಣದ ಟಾಮ್‌ಕಾಮ್, ಕೇರಳದ ಒಡೆಪೆಕ್ ಅಂಥವು. ಇದನ್ನೆಲ್ಲ ತಪ್ಪಿಸಲು ಏಜೆಂಟ್ ಪ್ರವಾಸಿಯ ವೇಷ ಹಾಕಿಸಿ ದುಬೈಗೆ ಹತ್ತಿಸುತ್ತಾನೆ. ಅಲ್ಲಿಂದ ಮಸ್ಕತ್‌ಗೋ ಇನ್ನೆಲ್ಲಿಗೋ ದಾಟಿಸುತ್ತಾರೆ. ಹೀಗೆ ಹೋದವಳಿಗೆ ನಮ್ಮ ಕಡೆ ಇ-ಮೈಗ್ರೇಟ್‌ನಲ್ಲಿ, ಅಂದರೆ ವಿದೇಶಕ್ಕೆ ಕೆಲಸಕ್ಕೆ ಹೋಗುವವರ ಸರ್ಕಾರಿ ಪೋರ್ಟಲ್‌ನಲ್ಲಿ, ದಾಖಲೆಯಿಲ್ಲ, ಕರಾರಿಲ್ಲ, ವಿಮೆಯಿಲ್ಲ. ಆದರೂ ದೂರು ಕೊಡಲು ಅಡ್ಡಿಯಿಲ್ಲ. ‘ನೀನೇ ಕಳ್ಳದಾರಿಯಲ್ಲಿ ಬಂದಿದ್ದೀಯ, ಎಂಬೆಸಿಗೆ ಹೋದರೆ ಜೈಲು’ ಅಂತ ಏಜೆಂಟ್ ಹೆದರಿಸಿರುತ್ತಾನೆ. ಆ ಹೆದರಿಕೆ ಬಿಡಿಸುವುದಕ್ಕೇ ಒಂದು ಫೋನ್ ಕರೆ ಮುಗಿದುಹೋಗುತ್ತದೆ.

ಬಂದು ಎಷ್ಟು ತಿಂಗಳಾಯಿತು ಅಂತಲೂ ಕೇಳಬೇಕು. ಕುವೈತ್‌ನಲ್ಲಿ ಮಕ್ತಬ್ ಮೂಲಕ, ಅಂದರೆ ಅಲ್ಲಿನ ನೇಮಕಾತಿ ಆಫೀಸಿನ ಮೂಲಕ, ಬಂದವಳಿಗೆ ಮೊದಲ 6 ತಿಂಗಳು ಆ ಮಕ್ತಬ್‌ನದೇ ಜವಾಬ್ದಾರಿ. ಈ ಅವಧಿಯಲ್ಲಿ ಮನೆಯವರು ಬೇಡ ಅಂದರೆ ಮಕ್ತಬ್ ದುಡ್ಡು ವಾಪಸ್ ಕೊಡಬೇಕಾಗುತ್ತದೆ. ಅದಕ್ಕೇ ಅವರು ಹೆಂಗಸನ್ನು ಊರಿಗೆ ಕಳಿಸುವ ಬದಲು ಇನ್ನೊಂದು ಮನೆಗೆ ದಾಟಿಸಲು ನೋಡುತ್ತಾರೆ. ನಾಲ್ಕನೇ ತಿಂಗಳಲ್ಲಿ ಕಫೀಲನ ಕಾಲು ಹಿಡಿದು ಫಲವಿಲ್ಲ, ಒತ್ತಡ ಹಾಕಬೇಕಾದದ್ದು ಮಕ್ತಬ್ ಮೇಲೆ. ಏಳನೇ ತಿಂಗಳಲ್ಲಿ ಅದು ತಿರುಗುಮುರುಗು.

ಮನೆ ಬಿಟ್ಟು ಬರಬೇಕೋ ಬೇಡವೋ ಎನ್ನುವಲ್ಲಿ ಬಹಳ ಕೇಸುಗಳು ಕೆಡುತ್ತವೆ. ಹೊಡೆತ, ಲೈಂಗಿಕ ದೌರ್ಜನ್ಯ, ಅನ್ನ ಕೊಡದೆ ಕೂಡಿಹಾಕಿದ್ದು ಇದ್ದರೆ ಲೆಕ್ಕಾಚಾರ ಬೇಡ, ತಕ್ಷಣ ಹೊರಗೆ. ನೇರ ರಾಯಭಾರ ಕಚೇರಿಗೆ, ಆಗದಿದ್ದರೆ ಹತ್ತಿರದ ಮಖ್ಫರ್ ಅಂದರೆ ಪೊಲೀಸ್ ಠಾಣೆಗೆ. ಗಾಯ ಇದ್ದರೆ ಅದೇ ದಿನ ಆಸ್ಪತ್ರೆಯ ಚೀಟಿ ಆಗಬೇಕು, ಬಟ್ಟೆ ಒಗೆಯಬಾರದು. ಆದರೆ ಸಂಬಳ ಬಾಕಿ ಒಂದೇ ತಕರಾರಾದರೆ ದುಡುಕಬಾರದು. ಆಕೆ ಗೇಟು ದಾಟಿದ್ದು ಗೊತ್ತಾದ ಕೂಡಲೇ ಕಫೀಲ್ ‘ಓಡಿಹೋದಳು’ ಅಂತ ದೂರು ಬರೆಸುತ್ತಾನೆ. ಅದು ಮೊದಲು ಬಿದ್ದರೆ ಆಕೆ ಬಾಕಿ ಕೇಳುವವಳಾಗಿ ಅಲ್ಲ, ಆರೋಪಿಯಾಗಿ ಆಫೀಸಿನ ಮೆಟ್ಟಿಲು ಹತ್ತುತ್ತಾಳೆ. ಆದ್ದರಿಂದ ನಮ್ಮ ಅರ್ಜಿ ರಾಯಭಾರ ಕಚೇರಿಯ ಮೇಜಿನ ಮೇಲೆ ಇದ್ದ ಮೇಲೆಯೇ ಆಕೆ ಹೊರಬರುವುದು.

ಹೊರಡುವಾಗ ಬರಿಗೈ. ಮನೆಯವರು ಕೊಟ್ಟ ಫೋನ್, ಕೀಲಿ, ಹಳೆಯ ಸೀರೆಯಂಥ ಉಡುಗೊರೆ ಕೂಡ ಅಲ್ಲೇ ಬಿಡಬೇಕು. ಬ್ಯಾಗಿನಲ್ಲಿರುವುದನ್ನು ಹಾಸಿಗೆಯ ಮೇಲೆ ಹರಡಿ ಒಂದು ಫೋಟೊ ತೆಗೆದು ಕಳಿಸಿಬಿಡಲಿ: ಎರಡು ಜೊತೆ ಬಟ್ಟೆ, ಮಾತ್ರೆ ಚೀಟಿ, ಸ್ವಂತ ತಾಳಿ. ಒಡವೆ ಕದ್ದಳು ಅನ್ನುವ ಪ್ರತಿದೂರು ಎಷ್ಟು ಸಾಮಾನ್ಯವೆಂದರೆ, ಅದು ಬಂದೇ ಬರುತ್ತದೆ ಅಂದುಕೊಂಡೇ ನಾವು ಸಿದ್ಧವಾಗುತ್ತೇವೆ. ಕೇಸು ಬಿದ್ದರೆ ದೇಶ ಬಿಡದಂತೆ ತಡೆಯೂ ಬೀಳುತ್ತದೆ. ಇನ್ನೊಂದು ಮಾತು, ಫರ್ವಾನಿಯಾದಲ್ಲೋ ಜಲೀಬ್‌ನಲ್ಲೋ ಇರುವ ನಮ್ಮೂರಿನವರು ಕರುಣೆಯಿಂದ ರೂಮಿನಲ್ಲಿ ಎರಡು ದಿನ ಇರಿಸಿಕೊಳ್ಳಲು ಮುಂದೆ ಬರುತ್ತಾರೆ. ಬೇಡ. ಓಡಿಬಂದ ಕೆಲಸದವರಿಗೆ ಆಸರೆ ಕೊಡುವುದು ಅಲ್ಲಿ ಅಪರಾಧ. ಟ್ಯಾಕ್ಸಿಗೆ ದುಡ್ಡು ಕೊಟ್ಟು ರಾಯಭಾರ ಕಚೇರಿಯ ಬಾಗಿಲಿಗೆ ಬಿಟ್ಟರೆ ಸಾಕು, ಅದೇ ದೊಡ್ಡ ಉಪಕಾರ.

ಅಳುವ ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕಿ ಅಂತ ಸಲಹೆ ಕೊಡುವವರು ಊರಲ್ಲಿ ಬಹಳ. ವಿಡಿಯೊದಲ್ಲಿ ಆ ಮನೆಯವರ ಮುಖ, ಒಳಗಿನ ಕೋಣೆ ಕಂಡರೆ ಅಲ್ಲಿನ ಕಾನೂನಿನಲ್ಲಿ ತಪ್ಪಿತಸ್ಥೆ ಆಕೆಯೇ ಆಗಬಹುದು. ಆ ವಿಡಿಯೊ ನಮಗೆ ಬೇಕು, ಜನಕ್ಕೆ ಬೇಡ.

ಇಲ್ಲಿಂದ ಅರ್ಜಿ ಹಾಕುವುದು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ. ಕುಟುಂಬದ ಒಬ್ಬರೇ ಹಾಕಲಿ, ನಂಬರು ಬದಲಾಯಿಸದ ಒಬ್ಬರು. ಗಂಡ ಒಂದು, ಅಣ್ಣ ಒಂದು, ಊರಿನ ಸಂಘದವರು ಇನ್ನೊಂದು ಹಾಕಿದರೆ ಒಂದೇ ಕೇಸು ಮೂರು ಫೈಲಾಗುತ್ತದೆ, ಒಂದಕ್ಕೆ ಬಂದ ಉತ್ತರ ಇನ್ನೊಂದಕ್ಕೆ ಸೇರುವುದಿಲ್ಲ. ಬರೆಯುವಾಗ ಮೊದಲ ನಾಲ್ಕು ಸಾಲಿನಲ್ಲಿ ಪಾಸ್‌ಪೋರ್ಟ್ ನಂಬರು, ಬತಾಕ, ಕಫೀಲನ ಹೆಸರು ಮತ್ತು ಫೋನು, ಮನೆಯ ಪಾಸಿ ನಂಬರು. ಐದನೇ ಸಾಲಿನಲ್ಲಿ ಏನು ಬೇಕು ಅನ್ನುವುದು: ಬಾಕಿ ಸಂಬಳವೋ, ಊರಿಗೆ ವಾಪಸೋ, ಎರಡೂವೋ. ‘ದಯವಿಟ್ಟು ಕಾಪಾಡಿ’ ಅನ್ನುವುದರಿಂದ ಶುರುವಾಗುವ ಎರಡು ಪುಟದ ಪತ್ರದಲ್ಲಿ ಅಧಿಕಾರಿಗೆ ಬೇಕಾದ ನಂಬರು ಕೊನೆಯ ಸಾಲಿನಲ್ಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಪೋರ್ಟಲ್ ಗೊತ್ತಿಲ್ಲದವರು 1800113090ಗೆ ಫೋನ್ ಮಾಡಬಹುದು, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ್ದು, ದಿನದ 24 ಗಂಟೆಯೂ ಇರುತ್ತದೆ. ಟಿಕೆಟ್ಟಿಗೆ ಗತಿಯಿಲ್ಲದಿದ್ದರೆ ರಾಯಭಾರ ಕಚೇರಿಯ ಸಮುದಾಯ ಕಲ್ಯಾಣ ನಿಧಿಯಿಂದ ಕೊಡಲು ಅವಕಾಶವಿದೆ, ಅದನ್ನೂ ಅರ್ಜಿಯಲ್ಲೇ ಕೇಳಿ.

ಬಾಕಿಯ ಲೆಕ್ಕ ನಾವೇ ಮಾಡಿ ಕೊಡುತ್ತೇವೆ. ತಿಂಗಳಿಗೆ 100 ದಿನಾರ್, ಎರಡು ವರ್ಷದ ದುಡಿಮೆ, ಕೊನೆಯ 5 ತಿಂಗಳು ಸಂಬಳವಿಲ್ಲ ಅಂದುಕೊಳ್ಳಿ. ಬಾಕಿ 500, ಸೇವಾಂತ್ಯದ ಹಣ 200, ಒಟ್ಟು 700. ಸಂಬಳ ತಡವಾದ ಪ್ರತಿ ತಿಂಗಳಿಗೆ 10 ದಿನಾರ್ ಇದರ ಮೇಲೆ. ತೆಗೆದುಕೊಳ್ಳದ ರಜೆಯ ಹಣ ಬೇರೆ. ಊರಿಗೆ ದುಡ್ಡು ಕಳಿಸಿದ ರಸೀದಿಗಳೇ ಇಲ್ಲಿ ಪುರಾವೆ: ತಿಂಗಳು ತಿಂಗಳು ಬರುತ್ತಿದ್ದುದು ಯಾವ ತಿಂಗಳು ನಿಂತಿತು ಅಂತ ಗಂಡನ ಪಾಸ್‌ಬುಕ್ಕೇ ಹೇಳುತ್ತದೆ.

ಏಜೆಂಟನ ಮೇಲಿನ ಕೇಸಿನಲ್ಲಿ ಠಾಣೆಯವರು ಒಮ್ಮೊಮ್ಮೆ ‘ಇದಕ್ಕೆ ಕೇಂದ್ರದ ಅನುಮತಿ ಬೇಕು’ ಅಂತ ವಾಪಸ್ ಕಳಿಸುತ್ತಾರೆ. 1983ರ ವಲಸೆ ಕಾಯ್ದೆಯ 27ನೇ ಕಲಂ ಹಾಗೆ ಹೇಳುವುದು ನಿಜ. ಆದರೆ ಅದೇ ಕಲಂನ ಕೆಳಗೆ, ಹೋದವರೇ ಅಥವಾ ಅವರ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟರೆ ಅನುಮತಿ ಬೇಡ ಅಂತಲೂ ಇದೆ. ಆ ಪುಟದ ಜೆರಾಕ್ಸ್ ಜೊತೆಗಿಟ್ಟುಕೊಂಡೇ ಠಾಣೆಗೆ ಹೋಗಿ. ನೋಂದಣಿಯಿಲ್ಲದೆ ಜನ ಕಳಿಸುವುದು 10ನೇ ಕಲಂನ ಉಲ್ಲಂಘನೆ. ಅವನ ನೋಂದಣಿ ಇದೆಯೋ ಇಲ್ಲವೋ ಅನ್ನುವುದು ಇ-ಮೈಗ್ರೇಟ್‌ನ ಪಟ್ಟಿಯಲ್ಲಿ ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಆ ಪುಟವನ್ನೂ ಪ್ರಿಂಟ್ ತೆಗೆದಿಡಿ.

ಇನ್ನೂ ಹೋಗದವರಿಗೆ ಹೇಳುವುದು ಚಿಕ್ಕದು. ಕರಾರು, ವೀಸಾ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೊ ಊರಿನಲ್ಲಿ ಇಬ್ಬರ ಫೋನಿನಲ್ಲಿ ಇರಲಿ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿಯೇ ಹೋಗಿ. ಎರಡು ವರ್ಷಕ್ಕೆ 275 ರೂಪಾಯಿ, ಮೂರಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಎರಡು ಫೋನ್ ನಂಬರು ಬಾಯಿಪಾಠ ಆಗಿರಲಿ.

ವಾಪಸಾತಿಯ ಕೊನೆಯ ದಿನ ಒಂದು ಅರಬ್ಬಿ ಕಾಗದ ಮುಂದೆ ಬರುತ್ತದೆ. ಪಾಸ್‌ಪೋರ್ಟ್ ಕೈಗೆ ಬಂದಿರುತ್ತದೆ, ಇಲ್ಲವೇ ರಾಯಭಾರ ಕಚೇರಿ ಒಂದೇ ಪ್ರಯಾಣದ ತುರ್ತು ಪ್ರಮಾಣಪತ್ರ ಕೊಟ್ಟಿರುತ್ತದೆ, ಟಿಕೆಟ್ಟೂ ಆಗಿರುತ್ತದೆ. ಆಕೆ ಎಲ್ಲಿ ಬೇಕಾದರೂ ಹೆಬ್ಬೆಟ್ಟು ಒತ್ತುವ ಸ್ಥಿತಿಯಲ್ಲಿರುತ್ತಾಳೆ. ‘ನನಗೆ ಬರಬೇಕಾದ್ದೆಲ್ಲ ಬಂದಿದೆ’ ಅಂತ ಆ ಕಾಗದದಲ್ಲಿ ಬರೆದಿರುತ್ತದೆ. ಒತ್ತುವ ಮೊದಲು ರಾಯಭಾರ ಕಚೇರಿಯವರಿಂದ ಓದಿಸಿ ಕೇಳಬೇಕು, ದುಡ್ಡು ಎಣಿಸಿ ಕೈಗೆ ತೆಗೆದುಕೊಂಡಿರಬೇಕು. ಅರ್ಧ ದುಡ್ಡಿಗೇ ಒಪ್ಪಿಕೊಂಡು ಹೊರಡುವುದಾದರೆ ಆ ಮೊತ್ತವನ್ನೇ ಅಂಕಿಯಲ್ಲಿ ಬರೆಸಿ, ಕಾಗದದ ಫೋಟೊ ಒಂದನ್ನು ವಿಮಾನ ಹತ್ತುವ ಮುಂಚೆ ನಮಗೆ ಕಳಿಸಬೇಕು.