ಕಲಬುರಗಿಯ ಬಿಸಿಲಿನಲ್ಲಿ ಏಳು ವರ್ಷ ಬಾಳಿದ ಹನ್ನೆರಡು ವೋಲ್ಟಿನ ಬ್ಯಾಟರಿ

ನನ್ನ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ) ಕಾರಿನ ಡಿಕ್ಕಿಯಲ್ಲಿದ್ದ 12 ವೋಲ್ಟಿನ ಎಜಿಎಂ (ನೀರು ಹಾಕಬೇಕಿಲ್ಲದ, ಮುಚ್ಚಿದ ಬಗೆಯ) ಬ್ಯಾಟರಿಯನ್ನು 2025ರ ಅಕ್ಟೋಬರಿನಲ್ಲಿ ಬಿಚ್ಚಿ ಹೊರಗಿಟ್ಟೆ. ಅದನ್ನು ಕೂರಿಸಿದ್ದು 2018ರ ಡಿಸೆಂಬರಿನಲ್ಲಿ. ಏಳು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಕಲಬುರಗಿಯ ಬಿಸಿಲಿಗೆ ಮೂರು ವರ್ಷ ಬಂದರೆ ಪುಣ್ಯ ಎಂದವರು ಒಬ್ಬಿಬ್ಬರಲ್ಲ. ಹಳೆಯ ಬ್ಯಾಟರಿಯ ಮೇಲೆ ನಾನೇ ಬರೆದಿದ್ದ ದಿನಾಂಕವನ್ನು ಅವರಲ್ಲಿ ಇಬ್ಬರಿಗಾದರೂ ತೋರಿಸಿದ್ದೇನೆ, ಆದ್ದರಿಂದ ಈಗ ಸ್ವಲ್ಪ ಬೀಗುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಕಾರು 2014ರ ಮಾದರಿಯದು, ಬಿಡದಿಯಲ್ಲಿ ಜೋಡಣೆಯಾದದ್ದು. 2017ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಮರುವರ್ಷ ಶರಣಬಸವೇಶ್ವರರ ಜಾತ್ರೆಯ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ರಿಲೇಗಳು ಟಕಟಕ ಬಡಿದುಕೊಂಡವು, ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳೆಲ್ಲ ದೀಪಾವಳಿಯಂತೆ ಹೊತ್ತಿಕೊಂಡವು, ಆದರೆ ಕಾರು ಓಡಲು ಸಿದ್ಧ ಎಂದು ಹೇಳುವ 'ರೆಡಿ' ಎಂಬ ಹಸಿರು ಅಕ್ಷರ ಮಾತ್ರ ಬರಲಿಲ್ಲ. ಟೋ ಮಾಡಿಸಿ ಒಯ್ದ ಕಡೆ ಒಬ್ಬರು ಕಾರಿನ ಕಂಪ್ಯೂಟರ್ ದಾಖಲಿಸಿದ್ದ ದೋಷದ ಕೋಡುಗಳನ್ನು ಓದಿ, ಮೋಟಾರಿಗೆ ಕರೆಂಟ್ ಒದಗಿಸುವ ಇನ್ವರ್ಟರ್ ಹೋಗಿದೆ, ಸುಮಾರು ಒಂದೂವರೆ ಲಕ್ಷವಾದೀತು ಎಂದರು. ಹೆಸರು ಬೇಡ. ನನ್ನ ಜೇಬಿನಲ್ಲಿದ್ದ ಮುನ್ನೂರು ರೂಪಾಯಿಯ ಮೀಟರ್ ಅದೇ ಹೊತ್ತಿಗೆ 11.3 ವೋಲ್ಟ್ ತೋರಿಸುತ್ತಿತ್ತು, ಅಂದರೆ ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವ 12 ವೋಲ್ಟಿನ ಚಿಕ್ಕ ಬ್ಯಾಟರಿಯೇ ಖಾಲಿಯಾಗಿತ್ತು. ಬಾನೆಟ್ ಒಳಗಿನ ಫ್ಯೂಸ್ ಡಬ್ಬಿಯಲ್ಲಿ ಹೊರಗಿನ ಬ್ಯಾಟರಿ ಹಚ್ಚಲೆಂದೇ ಇರುವ ಜಂಪ್ ಟರ್ಮಿನಲ್ಲಿಗೆ ಇನ್ನೊಂದು ಬ್ಯಾಟರಿ ಹಚ್ಚಿದ ಕೂಡಲೇ 'ರೆಡಿ' ಬಂತು, ಕೋಡುಗಳನ್ನು ಅಳಿಸಿದ ಮೇಲೆ ಅವು ಮತ್ತೆ ಮುಖ ತೋರಿಸಲಿಲ್ಲ. ಒಂದೂವರೆ ಲಕ್ಷ ಉಳಿಯಿತು. ಟೋ ಮಾಡಿಸಿದ ಎರಡು ಸಾವಿರ ಮಾತ್ರ ಹೋಯಿತು.

ಅದಾದ ಮೇಲೆ ನಾನು ಮಾಡಿದ್ದು ಶುದ್ಧ ಜಿಪುಣತನ. ಈ ಕಾರಿನಲ್ಲಿ ಸೆಲ್ಫ್ ಹೊಡೆಯುವ ಕೆಲಸ ಚಿಕ್ಕ ಬ್ಯಾಟರಿಯದಲ್ಲ, ಎಂಜಿನನ್ನು ತಿರುಗಿಸುವುದು ಹೈಬ್ರಿಡ್ಡಿನ ಬೇರೆಯದೇ ದೊಡ್ಡ ಬ್ಯಾಟರಿಯಿಂದ ಓಡುವ ಮೋಟಾರು. ಹಾಗಿರುವಾಗ ಎಜಿಎಂ ಏಕೆ ಬೇಕು ಎಂದು ಐದು ಸಾವಿರ ಚಿಲ್ಲರೆ ಕೊಟ್ಟು ಸಾದಾ ನೀರಿನ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಕೂರಿಸಿದೆ. ಏಪ್ರಿಲ್ ಕಳೆಯುವುದರೊಳಗೆ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಹುಳಿ ವಾಸನೆ ಬರತೊಡಗಿತು, ಟರ್ಮಿನಲ್ಲಿನ ಮೇಲೆ ಹಸಿರು ಹಿಟ್ಟು ಬೆಳೆಯಿತು. ಅನಿಲ ಹೊರಹೋಗುವ ಕೊಳವೆ ಅದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ಮನುಷ್ಯರು ಕೂರುವ ಜಾಗದ ಬೆನ್ನಿಗೆ ಜಲಜನಕ ಬಿಡುವ ಡಬ್ಬಿ ಇಡುವುದು ಹುಡುಗಾಟವಲ್ಲ. ಎಂಟು ತಿಂಗಳು ಸಹಿಸಿ ಅದನ್ನು ತೆಗೆದೆ, ಹದಿನೇಳು ಸಾವಿರದ ಆಸುಪಾಸಿನಲ್ಲಿ ಎಜಿಎಂ ತಂದೆ. ಮೂರು ವರ್ಷಕ್ಕೊಮ್ಮೆ ಇಷ್ಟು ಹಣ ಸುರಿಯಲಾರೆ ಎಂಬ ಹಟವೇ ಮುಂದಿನದಕ್ಕೆಲ್ಲ ಮೂಲ.

ಮೊದಲು ಹಿಡಿದದ್ದು ನಿಂತ ಕಾರಿನ ಕರೆಂಟ್ ಸೋರಿಕೆಯನ್ನು. ಕಾರಿಗೆ ಬೀಗ ಹಾಕಿ, ಒಳಗಿನ ಕಂಪ್ಯೂಟರುಗಳೆಲ್ಲ ಮಲಗಲಿ ಎಂದು ಅರ್ಧ ಗಂಟೆ ಬಿಟ್ಟು ಅಳೆದರೆ 280 ಮಿಲಿ ಆಂಪಿಯರ್ ಹರಿಯುತ್ತಿತ್ತು. ಹಾಗೆ ಹರಿದರೆ ದಿನಕ್ಕೆ ಆರೇಳು ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಕರೆಂಟಿನ ಅಳತೆ) ಖಾಲಿ. 45 ಆಂಪಿಯರ್ ಅವರ್ ಬ್ಯಾಟರಿ ವಾರ ತುಂಬುವುದರೊಳಗೆ ನೆಲ ಕಚ್ಚುತ್ತದೆ. ಡ್ಯಾಶ್‌ಕ್ಯಾಮ್ ನಿಂತ ಕಾರಿನಲ್ಲೂ ಕಣ್ಣು ಬಿಟ್ಟು ಕೂರುತ್ತಿತ್ತು, ದೋಷದ ಕೋಡು ಓದುವ ಒಬಿಡಿ ಪೋರ್ಟಿಗೆ ನಾನೇ ಸಿಕ್ಕಿಸಿ ಮರೆತಿದ್ದ ಪುಟ್ಟ ಡಾಂಗಲ್ ತನ್ನ ಪಾಲು ಎಳೆಯುತ್ತಿತ್ತು. ಕ್ಯಾಮೆರಾವನ್ನು ಕಾರು ಚಾಲೂ ಇದ್ದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಿಸಿದೆ, ಡಾಂಗಲ್ ಕಿತ್ತೆ. ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತಿದ್ದ ಸ್ಮಾರ್ಟ್ ಕೀ ಅಡುಗೆಮನೆಯ ಕಪಾಟು ಸೇರಿತು, ಏಕೆಂದರೆ ಕೀ ಹತ್ತಿರವಿದ್ದರೆ ಕಾರು ರಾತ್ರಿಯಿಡೀ ಅದರೊಡನೆ ಮಾತಾಡುತ್ತಲೇ ಇರುತ್ತದೆ. ಇಷ್ಟಾದ ಮೇಲೆ ಮೀಟರ್ 30 ಮಿಲಿ ಆಂಪಿಯರಿಗಿಂತ ಕೆಳಗೆ ನಿಂತಿತು.

ಆದರೂ ಬೆಳಗಿನ ವೋಲ್ಟೇಜು 12.3ರ ಮೇಲೆ ಏರಲಿಲ್ಲ, ಅಂದರೆ ಬ್ಯಾಟರಿ ಪೂರ್ತಿ ತುಂಬುತ್ತಿರಲಿಲ್ಲ. ಇದಕ್ಕೆ ಕಾರಣ ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು, ತಿಳಿದ ಮೇಲೆ ನಾಚಿಕೆಯೂ ಆಯಿತು. ನನ್ನ ಓಡಾಟ ಸೂಪರ್ ಮಾರ್ಕೆಟ್ಟಿಗೆ ನಾಲ್ಕು ಕಿಲೋಮೀಟರ್, ಅಲ್ಲಿಂದ ವಾಪಸ್ ನಾಲ್ಕು. ಕಾರು 'ರೆಡಿ'ಯಲ್ಲಿರುವಾಗ ಮಾತ್ರ ಚಿಕ್ಕ ಬ್ಯಾಟರಿ ಚಾರ್ಜ್ ಆಗುತ್ತದೆ, ಸೀಸದ ಬ್ಯಾಟರಿಯ ಕೊನೆಯ ಐದನೇ ಒಂದು ಪಾಲು ತುಂಬಲು ಎಷ್ಟೇ ಕರೆಂಟ್ ಕೊಟ್ಟರೂ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಹದಿನೈದು ನಿಮಿಷದ ಓಟಗಳಲ್ಲಿ ಅದು ವರ್ಷವಿಡೀ ಅರೆಹೊಟ್ಟೆಯಲ್ಲೇ ಇತ್ತು. ಹೈದರಾಬಾದಿಗೆ ಹೋಗಿ ಬಂದ ಮರುದಿನ ಮಾತ್ರ ಮೀಟರ್ 12.7 ತೋರಿಸುತ್ತಿದ್ದುದರ ಗುಟ್ಟು ಅದೇ. ಬಿಸಿಲು ಬ್ಯಾಟರಿಯ ಆಯುಸ್ಸು ತಿನ್ನುವುದು ನಿಜ, ಆದರೆ ಡಿಕ್ಕಿಯ ಬ್ಯಾಟರಿಗೆ ಎಂಜಿನ್ನಿನ ಕಾವು ತಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಊರಿನಲ್ಲಿ ಇವು ಸಾಯುತ್ತಿರುವುದು ಬಿಸಿಲಿಗಿಂತ ಹೆಚ್ಚಾಗಿ ಹಸಿವಿನಿಂದ.

ಎಜಿಎಂ ಮೋಡ್ ಇರುವ ಐದು ಆಂಪಿಯರ್ ಚಾರ್ಜರ್ ಒಂದನ್ನು ನಾಲ್ಕೂವರೆ ಸಾವಿರಕ್ಕೆ ಕೊಂಡೆ. ಹದಿನೈದು ದಿನಕ್ಕೊಮ್ಮೆ, ಸಾಮಾನ್ಯವಾಗಿ ಅಮಾವಾಸ್ಯೆಗೆ ಮತ್ತು ಹುಣ್ಣಿಮೆಗೆ, ನೆನಪಿಡಲು ಅದೇ ಸುಲಭ, ರಾತ್ರಿಯಿಡೀ ಹಚ್ಚುತ್ತೇನೆ. ಡಿಕ್ಕಿ ತೆರೆದಿಟ್ಟರೆ ಅದರ ದೀಪವೇ ಒಂದಿಷ್ಟು ತಿನ್ನುವುದರಿಂದ ವೈರನ್ನು ಹೊರಗೆ ತಂದುಕೊಳ್ಳಲು ಒಂದು ಏರ್ಪಾಟು ಮಾಡಿಕೊಂಡಿದ್ದೇನೆ. ಒಂದೂ ರಂಧ್ರ ಕೊರೆದಿಲ್ಲ, ಹೇಗೆಂದು ಇಲ್ಲಿ ಬಿಡಿಸಿ ಹೇಳುವುದಿಲ್ಲ.

2020ರ ಲಾಕ್‌ಡೌನ್ ಈ ವ್ಯವಸ್ಥೆಯನ್ನೂ ಕೆಡವಿತು. ನಾನು ಸೇಡಂ ಬಳಿಯ ಹಳ್ಳಿಯಲ್ಲಿ ಸಿಕ್ಕಿಕೊಂಡೆ, ಕಾರು ಇಲ್ಲಿ ಬಿಸಿಲಿನಲ್ಲಿ ಐವತ್ತು ದಿನ ನಿಂತಿತು. ಬಂದು ನೋಡಿದರೆ 10.4 ವೋಲ್ಟ್. ಎಸೆಯಿರಿ ಎಂದರು ಬ್ಯಾಟರಿ ಅಂಗಡಿಯವರು. ನಾನು ಒಂದು ಆಂಪಿಯರಿನಂತೆ ಎರಡು ದಿನ ಹಗಲಿರುಳು ಚಾರ್ಜ್ ಮಾಡಿ, ನಡುವೆ ಬಿಡುವು ಕೊಟ್ಟು ಮತ್ತೆ ಮಾಡಿದೆ. ಬಿಡುವಿನ ಲೆಕ್ಕ ನನ್ನ ಬಳಿಯೇ ಇರಲಿ. ಪೂರ್ತಿ ಮೊದಲಿನಂತೆ ಆಗಲಿಲ್ಲ, ಆದರೆ ಬದುಕಿತು. ಆ ಐವತ್ತು ದಿನ ಇಲ್ಲದಿದ್ದರೆ ಎಂಟು ವರ್ಷ ಮುಟ್ಟುತ್ತಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ.

ಬಿಸಿಲೂರಿನಲ್ಲಿದ್ದು ಬಿಸಿಲನ್ನು ದುಡಿಸಿಕೊಳ್ಳದಿರುವುದು ಹೇಗೆ ಎಂದು ಅದೇ ವರ್ಷ 20 ವ್ಯಾಟಿನ ಸೌರಫಲಕವೊಂದನ್ನು ಹಿಂಬದಿಯ ಗಾಜಿನ ಒಳಗೆ ಇಟ್ಟು ನೋಡಿದೆ. ಗಾಜನ್ನು ದಾಟಿ, ಓರೆಯಾಗಿ ಬಿದ್ದ ಬೆಳಕಿನಿಂದ ನಡುಹಗಲಿನಲ್ಲಿ ಸಿಕ್ಕದ್ದು 0.3 ಆಂಪಿಯರ್. ಅಷ್ಟಕ್ಕಾಗಿ ಕಾರನ್ನು ನೆರಳಿನಿಂದ ಬಿಸಿಲಿಗೆ ತಂದು ನಿಲ್ಲಿಸಬೇಕು, ಡಿಕ್ಕಿಯೊಳಗೆ 50 ಡಿಗ್ರಿ ದಾಟಬೇಕು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಸಿದ ವ್ಯಾಪಾರ. ಎರಡು ಸಾವಿರದ ಮುನ್ನೂರು ರೂಪಾಯಿ ನೀರಿಗೆ ಹಾಕಿದಂತಾಯಿತು.

ನಾಲ್ಕನೆಯ ವರ್ಷದಲ್ಲಿ ಸರ್ವಿಸ್ ಮಾಡಿದವರು ತಮ್ಮ ಟೆಸ್ಟರ್ ಹಚ್ಚಿ 'ಬದಲಿಸಿ' ಎಂಬ ಚೀಟಿ ಕೈಗಿತ್ತರು. ಆ ಯಂತ್ರ ಅಳೆಯುವುದು ಸೆಲ್ಫ್ ಹೊಡೆಯುವ ಶಕ್ತಿಯನ್ನು, ಸೆಲ್ಫೇ ಹೊಡೆಯದ ಬ್ಯಾಟರಿಗೆ ಆ ಪರೀಕ್ಷೆ ಏಕೆ ಎಂದು ಕೇಳಿದೆ, ಅವರು ನಕ್ಕರು. ಅದಾದ ಮೇಲೆ ಅದು ಎರಡೂ ಮುಕ್ಕಾಲು ವರ್ಷ ದುಡಿಯಿತು. ತೊಂದರೆ ಏನೆಂದರೆ, ಎಂಜಿನ್ ನಿಧಾನವಾಗಿ ತಿರುಗಿ ಮುನ್ಸೂಚನೆ ಕೊಡುವ ಪದ್ಧತಿ ಇಲ್ಲಿಲ್ಲ, ಆದ್ದರಿಂದ ನನ್ನದೇ ಪರೀಕ್ಷೆಯೊಂದನ್ನು ಮೊದಲೇ ಕಂಡುಕೊಂಡಿದ್ದೆ. ಬೆಳಿಗ್ಗೆ ಚಾಲಕನ ಬಾಗಿಲು ತೆರೆದೊಡನೆ ಬ್ರೇಕಿನ ಪಂಪು ಕೆಲವು ಕ್ಷಣ 'ಝುಂಯ್' ಎನ್ನುತ್ತದಲ್ಲ, ಈ ಬ್ಯಾಟರಿಯ ಮೇಲೆ ಬೀಳುವ ನಿಜವಾದ ಭಾರ ಅದೇ. ಆ ಕ್ಷಣಗಳಲ್ಲಿ ವೋಲ್ಟೇಜು ಎಷ್ಟಕ್ಕೆ ಕುಸಿಯುತ್ತದೆ ಎಂದು ಬರೆದಿಡುತ್ತ ಬಂದೆ. ಚಾರ್ಜರ್ ಕೊಂಡ ಹೊಸದರಲ್ಲಿ 12.3ರ ಹತ್ತಿರ ನಿಲ್ಲುತ್ತಿತ್ತು, ಐದನೆಯ ವರ್ಷ 11.9, ಕೊನೆಯ ಬೇಸಿಗೆ ಮುಗಿದ ಮೇಲೆ 11.2. ವರ್ಷಕ್ಕೊಮ್ಮೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಹಚ್ಚಿ, 11.5 ವೋಲ್ಟಿಗೆ ಇಳಿಯಲು ಎಷ್ಟು ಹೊತ್ತು ಎಂದೂ ನೋಡುತ್ತಿದ್ದೆ: ಮೊದಲು ಎಂಟು ಗಂಟೆ, 2023ರಲ್ಲಿ ಐದೂವರೆ, ಕೊನೆಗೆ ಮೂರೂ ತುಂಬಲಿಲ್ಲ. ಆಗ ಮಾತ್ರ ನಾನಾಗಿಯೇ ಹೋಗಿ ಹೊಸದು ತಂದೆ, ಈ ಬಾರಿ ಇಪ್ಪತ್ತು ಸಾವಿರಕ್ಕೆ ನಾನೂರೋ ಐನೂರೋ ಕಡಿಮೆ.

ಹೊಸದು ಕೂರಿಸಿದ ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಪಂಪಿನ ಸದ್ದಿಗೆ ಮೀಟರ್ 12.35ಕ್ಕೆ ಇಳಿದು ನಿಂತಿತು. ಹಳೆಯದನ್ನು ಗುಜರಿಗೆ ಕೊಡಲು ಮನಸ್ಸಾಗಲಿಲ್ಲ. ಸೇಡಂ ಬಳಿಯ ಹೊಲದ ಶೆಡ್ಡಿನಲ್ಲಿ, ನಿರುಪಯುಕ್ತವೆಂದು ಮೂಲೆಗೆಸೆದಿದ್ದ ಆ ಸೌರಫಲಕಕ್ಕೆ ಕಟ್ಟಿದ್ದೇನೆ, ತೊಗರಿ ರಾಶಿ ಕಾಯುವವರಿಗೆ ರಾತ್ರಿ ಒಂದು ಎಲ್‌ಇಡಿ ದೀಪ ಉರಿಯುತ್ತದೆ.