ಸಣ್ಣ ಕಾಲೇಜಿನ ಟೀಮಿನಿಂದ ನಾಲ್ಕು ಕೋಚ್‌ಗಳು

2013ರಲ್ಲಿ ಬೆಂಗಳೂರಿನ ಒಂದು ಫುಟ್‌ಬಾಲ್ ಅಕಾಡೆಮಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ನಮ್ಮ ಕಾಲೇಜಿನ ಟೀಮಿಗೆ ಐದು ವರ್ಷದಿಂದ ಕೋಚಿಂಗ್ ಮಾಡುತ್ತಿದ್ದೆ. ಎದುರು ಕೂತಿದ್ದವರು ನನ್ನ ಫೈಲನ್ನು ಹಿಂದೆ ಮುಂದೆ ತಿರುವಿ ನೋಡಿ, "ಐದು ವರ್ಷ ಅಂತೀರಿ, ಲೆಟರ್ ಎಲ್ಲಿ?" ಎಂದು ಕೇಳಿದರು. ಫೈಲಿನಲ್ಲಿ ಇದ್ದದ್ದು ನಾನು ಆಡುವಾಗ ಸಿಕ್ಕಿದ್ದ ಯೂನಿವರ್ಸಿಟಿ ಬ್ಲೂ (ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರಿಗೆ ಕೊಡುವ) ಸರ್ಟಿಫಿಕೇಟು ಮತ್ತು ಟೀಮಿನ ಜೊತೆ ನಿಂತ ನಾಲ್ಕು ಫೋಟೊ. ನೇಮಕಾತಿ ಪತ್ರ ಇರಲಿಲ್ಲ. ಗೌರವಧನ ತಿಂಗಳಿಗೆ ಐದು ಸಾವಿರ, ಅದೂ ಕವರಿನಲ್ಲಿ ಹಾಕಿ ಕೊಡುತ್ತಿದ್ದರು, ಹಾಗಾಗಿ ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಗುರುತಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಬೆಳಗಿನ ಜಾವ ಎದ್ದು ಹೋದ ಐದು ವರ್ಷ ಎಲ್ಲೂ ದಾಖಲಾಗಿಲ್ಲ ಎನ್ನುವುದು ನನಗೆ ನುಂಗಲಾರದ ತುತ್ತಾಯಿತು. ಮರುದಿನವೇ ಅಂಗಡಿಯಿಂದ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತಂದೆ. ತಾರೀಖು, ಎಷ್ಟು ಹುಡುಗರು ಬಂದರು, ಏನು ಮಾಡಿಸಿದೆ, ಎಷ್ಟು ನಿಮಿಷ, ಯಾರು ಮಾಡಿಸಿದರು ಎಂದು ಐದು ಕಾಲಂ ಎಳೆದೆ. ತಿಂಗಳ ಕೊನೆಗೆ ಪ್ರಿನ್ಸಿಪಾಲರ ಮುಂದೆ ಇಟ್ಟು ಸಹಿ, ಸೀಲು ಹಾಕಿಸಿಕೊಂಡೆ. "ಇದೆಲ್ಲ ಯಾಕ್ರೀ, ನಿಮ್ಮ ಮೇಲೆ ನಂಬಿಕೆ ಇಲ್ವಾ ನಮಗೆ?" ಎಂದರು. ಇಂಟರ್‌ವ್ಯೂನಲ್ಲಿ ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಮುಂದಿನ ಶೈಕ್ಷಣಿಕ ವರ್ಷಕ್ಕೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಹತ್ತು ತಿಂಗಳ ಗುತ್ತಿಗೆ ಪತ್ರ ಕೊಟ್ಟರು. ನನ್ನ ಕೋಚಿಂಗ್ ವೃತ್ತಿ ಶುರುವಾದದ್ದು 2008ರಲ್ಲಿ ಎಂದು ಎಲ್ಲರಿಗೂ ಹೇಳುತ್ತೇನೆ. ಕಾಗದದ ಮೇಲೆ ಅದು ಶುರುವಾದದ್ದು ಆ ಪತ್ರದಿಂದ.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಕಾಲೇಜಿನಲ್ಲಿ ಆಟ ಅಂದರೆ ಎಲ್ಲರ ಕಣ್ಣಿಗೆ ಬೀಳುವವರು ಪಿ.ಡಿ. ಸಾರ್, ದೈಹಿಕ ಶಿಕ್ಷಣ ನಿರ್ದೇಶಕರು. ಅವರದು ಯುಜಿಸಿ ಹುದ್ದೆ. ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್.ನಲ್ಲಿ ಶೇ. 55 ಅಂಕ ಬೇಕು, ಎನ್‌ಇಟಿ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ಪಿಎಚ್‌.ಡಿ. ಇರಬೇಕು. ಕಬಡ್ಡಿಯಿಂದ ಚೆಸ್‌ವರೆಗೆ ಎಲ್ಲ ಅವರ ತಲೆಯ ಮೇಲೆ. ಫುಟ್‌ಬಾಲ್ ಕೋಚ್ ಎನ್ನುವವನು ಅವರ ಕೆಳಗೆ, ಬೆಳಿಗ್ಗೆ ಆರಕ್ಕೆ ಬಂದು ಎಂಟಕ್ಕೆ ಹೋಗುವವನು. ಸ್ಟಾಫ್ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಆಮೇಲೆ ಯಾವುದೋ ಸ್ಕೂಲಿನಲ್ಲಿ ಪಿ.ಟಿ. ಪೀರಿಯಡ್, ಸಂಜೆ ಟರ್ಫ್‌ನಲ್ಲಿ ಮಕ್ಕಳ ಬ್ಯಾಚ್, ಭಾನುವಾರ ಕ್ಲಬ್ಬಿನ ಮ್ಯಾಚ್. ನಾಲ್ಕು ಕಡೆಯಿಂದ ಬಂದದ್ದನ್ನು ಕೂಡಿಸಿದರೆ ಒಂದು ಸಂಬಳ.

ಹಿಂದೆ ಹೀಗಿರಲಿಲ್ಲ. ನನಗೆ ಆಟ ಕಲಿಸಿದವರು ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದರು. ಬೆಂಗಳೂರಿನ ಫುಟ್‌ಬಾಲನ್ನು ಆಗ ಸಾಕಿದ್ದು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು, ಎಂಇಜಿಯಂಥ ಸೇನೆಯ ತಂಡಗಳು. ಚೆನ್ನಾಗಿ ಆಡಿದವನಿಗೆ ಕೆಲಸ, ಕಾಲು ಸೋತ ಮೇಲೂ ಕೆಲಸ, ಪಿಂಚಣಿ. ನಮ್ಮ ಸಾರ್ ಮೊದಲ ಶಿಫ್ಟ್ ಮುಗಿಸಿ, ಟಿಫನ್ ಕ್ಯಾರಿಯರ್ ಸಮೇತ ಗ್ರೌಂಡಿಗೆ ಬಂದು, ಕತ್ತಲಾಗುವ ತನಕ ನಮ್ಮನ್ನು ಓಡಿಸುತ್ತಿದ್ದರು. ಒಂದು ಪೈಸೆ ತಗೊಳ್ಳುತ್ತಿರಲಿಲ್ಲ. ಕಾರ್ಖಾನೆಗಳು ಆಟಗಾರರನ್ನು ತೆಗೆದುಕೊಳ್ಳುವುದು ಕಡಿಮೆಯಾದ ಮೇಲೆ ಆ ತಲೆಮಾರಿನ ಕೋಚ್‌ಗಳೂ ಇಲ್ಲವಾದರು. ಆ ಜಾಗಕ್ಕೆ ಬಂದ ನಾವು ಕೋಚಿಂಗ್ ಮಾಡಿಯೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಹಳಬರು "ಈಗಿನವರು ದುಡ್ಡಿಗೆ ಕಲಿಸ್ತಾರೆ" ಎಂದಾಗ ನನಗೆ ನೋವಾಗುತ್ತದೆ. ದುಡ್ಡಿಲ್ಲದೆ ಕಲಿಸಲು ಅವರಿಗೆ ಸಾಧ್ಯವಾದದ್ದು ತಿಂಗಳ ಒಂದನೇ ತಾರೀಖು ಸಂಬಳ ಬರುತ್ತಿದ್ದುದರಿಂದ.

ಆದರೂ ಅವರಿಂದ ಬಂದದ್ದು ಬಹಳ ದೊಡ್ಡದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋದ ಕೆಂಪಯ್ಯ ಕೂಡ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಇಂಥ ಊರಿನ ಹುಡುಗರು ನನ್ನ ಹತ್ತಿರ ಬರುತ್ತಾರೆ, ಅವರಿಗೆ ಚೆಂಡು ತಡೆಯುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆಟ ಬಿಟ್ಟ ಮೇಲೂ ಫುಟ್‌ಬಾಲ್‌ನಲ್ಲೇ ಇರುವುದು ಹೇಗೆ ಎನ್ನುವುದನ್ನು ಮಾತ್ರ ಅವರ ಬೀದಿಯಲ್ಲಿ ಯಾರೂ ಹೇಳಿರುವುದಿಲ್ಲ.

ನಮ್ಮಂಥ ಕಾಲೇಜಿನ ಸೀಸನ್ ಎಷ್ಟು ಸಣ್ಣದು ಎನ್ನುವುದನ್ನೂ ಹೇಳಬೇಕು. ಅಂತರ ಕಾಲೇಜು ಟೂರ್ನಿ ನಾಕ್‌ಔಟ್. ಮೂರು ತಿಂಗಳು ತಯಾರಿ ಮಾಡಿ ಮೊದಲ ಮ್ಯಾಚ್ ಸೋತರೆ ವರ್ಷ ಮುಗಿಯಿತು. ನಾಲ್ಕು ಸಲ ಹಾಗೇ ಆಗಿದೆ, ಒಮ್ಮೆ ಟೈಬ್ರೇಕರ್‌ನಲ್ಲಿ. ಅಷ್ಟರ ಮೇಲೆ ಯಾರೂ ಕೋಚ್ ಆಗಿ ಬೆಳೆಯಲು ಆಗುವುದಿಲ್ಲ, ಮ್ಯಾಚ್‌ಗಳು ಬೇಕು. ಹಾಗಾಗಿ 2015ರಲ್ಲಿ ಒಂದು ಹಳೆಯ ಕ್ಲಬ್ಬಿನವರನ್ನು ಕಂಡು ಮಾತಾಡಿದೆ. ಅವರ ಹತ್ತಿರ ಜಿಲ್ಲಾ ಸಂಸ್ಥೆ ಬಿಡಿಎಫ್‌ಎ ಲೀಗಿನ ಕೆಳ ಡಿವಿಷನ್‌ನಲ್ಲಿ ಹೆಸರಿತ್ತು, ಹುಡುಗರಿರಲಿಲ್ಲ. ನಮ್ಮ ಹತ್ತಿರ ಹುಡುಗರಿದ್ದರು, ಆಡಲು ಲೀಗ್ ಇರಲಿಲ್ಲ. ನಮ್ಮ ಹದಿನಾಲ್ಕು ಹುಡುಗರನ್ನು ಆ ಕ್ಲಬ್ಬಿಗೆ ರಿಜಿಸ್ಟರ್ ಮಾಡಿಸಿದೆವು. ಅಲ್ಲಿ ಡಗ್‌ಔಟ್‌ನಲ್ಲಿ ಕೂರುವ ಹೆಡ್ ಕೋಚ್ ಜಾಗವನ್ನು ನಾನು ತೆಗೆದುಕೊಳ್ಳದೆ ನನ್ನ ಅಸಿಸ್ಟೆಂಟ್‌ಗೆ ಬಿಟ್ಟುಕೊಟ್ಟೆ. ಈ ಹದಿನೇಳು ವರ್ಷದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಆ ಮೊದಲ ಅಸಿಸ್ಟೆಂಟ್ ನಮ್ಮದೇ ಟೀಮಿನ ಕೀಪರ್ ಆಗಿದ್ದ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದವನನ್ನು ಕರೆದೆ. ಮೊದಲ ದಿನ "ನೀನೇ ಮಾಡಿಸಪ್ಪಾ" ಎಂದು ಆರು ಹುಡುಗರನ್ನು ಕೊಟ್ಟೆ. ನಾಲ್ಕು ಜನ ಹೊರಗೆ ನಿಂತು ಪಾಸ್ ಮಾಡುವುದು, ಇಬ್ಬರು ನಡುವೆ ನಿಂತು ಕಿತ್ತುಕೊಳ್ಳುವುದು, ಎಲ್ಲರಿಗೂ ಗೊತ್ತಿರುವ ಆಟ. ಅವನು ಕೋನ್‌ಗಳನ್ನು ಐದು ಹೆಜ್ಜೆಗೆ ಒಂದರಂತೆ ಇಟ್ಟ. ಎರಡನೇ ಪಾಸಿಗೇ ಚೆಂಡು ಹೋಗುತ್ತಿತ್ತು. ಅವನು ಕೂಗಿದ. ಮತ್ತೆ ಹೋಯಿತು, ಇನ್ನೂ ಜೋರಾಗಿ ಕೂಗಿದ. ಹುಡುಗರ ಮುಖ ಬಿಗಿಯಾಯಿತು. ನಾನು ಪಕ್ಕಕ್ಕೆ ಕರೆದು, "ಹುಡುಗ್ರನ್ನ ಬಿಡು, ಕೋನ್ ನೋಡು" ಎಂದೆ. ಅವನು ಒಂದು ನಿಮಿಷ ನೋಡಿ, ಏನೂ ಮಾತಾಡದೆ, ಪ್ರತಿ ಕೋನನ್ನೂ ಮೂರು ಹೆಜ್ಜೆ ಹಿಂದಕ್ಕೆ ಸರಿಸಿದ. ಐದು, ಆರು, ಏಳು ಪಾಸ್ ಹೋದವು. ಹತ್ತನೆಯದಕ್ಕೆ ಹುಡುಗರೇ ಎಣಿಸಲು ಶುರು ಮಾಡಿದರು. ಆವತ್ತು ರಿಜಿಸ್ಟರ್‌ನಲ್ಲಿ ಅವನೇ ಬರೆದ: "ಜಾಗ ಸಣ್ಣದಿತ್ತು, ದೊಡ್ಡದು ಮಾಡಿದೆ." ಆ ಪುಟ ಇನ್ನೂ ನನ್ನ ಹತ್ತಿರ ಇದೆ.

ಅವನನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋರ್ಸಿಗೆ ಸೇರಿಸಿದೆ. ಕೋಚಿಂಗ್ ಲೈಸೆನ್ಸ್ ಎಂದರೆ ಏಣಿ ಇದ್ದ ಹಾಗೆ. ಕೆಳಗೆ ಡಿ, ಆಮೇಲೆ ಸಿ, ಬಿ, ಎ, ತುದಿಯಲ್ಲಿ ಪ್ರೊ. ಸಿ ಇಂದ ಮೇಲಿನವು ಏಷ್ಯಾದ ಸಂಸ್ಥೆ ಎಎಫ್‌ಸಿ ಹೆಸರಿನಲ್ಲಿ ಬರುತ್ತವೆ. ಡಿ ಕೆಲವೇ ದಿನಗಳದು, ಆದರೆ ಅಲ್ಲಿ ನಿಮ್ಮ ಜೊತೆಗಿರುವ ಕೋಚ್‌ಗಳನ್ನೇ ಆಟಗಾರರನ್ನಾಗಿ ನಿಲ್ಲಿಸಿಕೊಂಡು ಸೆಷನ್ ಮಾಡಿ ತೋರಿಸಬೇಕು. ಮೂವತ್ತು ವರ್ಷ ಆಡಿದವರೂ ಅಲ್ಲಿ ತಡವರಿಸುತ್ತಾರೆ. ಕೀಪರ್ ಹುಡುಗನಿಗೆ ಇಂಗ್ಲಿಷಿನ ಭಯ. ಹದಿನೈದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ಖಾಲಿ ಗ್ರೌಂಡಿನಲ್ಲಿ ಅವನನ್ನು ನಿಲ್ಲಿಸಿ, ಒಂದು ಸೆಷನ್ನಿಗೆ ಎಷ್ಟು ಮಾತು ಬೇಕೋ ಅಷ್ಟನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿಸಿದೆ. ನಿಲ್ಲಿಸು, ತೋರಿಸು, ಕೇಳು, ಮತ್ತೆ ಆಡಿಸು, ಇಷ್ಟೇ. ಪಾಸಾದ. ಫೀಸಿನ ಅರ್ಧ ನಾನು ಹಾಕಿದ್ದೆ, ಎರಡು ವರ್ಷ ಕಳೆದು ಬಂದು ಕವರಿನಲ್ಲಿ ಇಟ್ಟು ಕೊಟ್ಟ. ಬೇಡ ಎಂದರೂ ಬಿಡಲಿಲ್ಲ. ಈಗ ಸಿ ಮುಗಿಸಿ ಒಂದು ಅಕಾಡೆಮಿಯಲ್ಲಿ ಗೋಲ್‌ಕೀಪಿಂಗ್ ನೋಡಿಕೊಳ್ಳುತ್ತಾನೆ.

ಅವನು ಹೊರಟ ದಿನ ನನಗೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳಬೇಕು. ಟೂರ್ನಿಗೆ ಮೂರು ವಾರ ಇತ್ತು. ಬಾಲ್ ಚೀಲದ ಬೀಗದಕೈಯನ್ನು ನನ್ನ ಕೈಗೆ ಕೊಟ್ಟು, "ತಪ್ಪು ತಿಳ್ಕೋಬೇಡಿ ಸಾರ್, ಅಲ್ಲಿ ಪಿ.ಎಫ್. ಇದೆ" ಎಂದ. ನಾನು ಸರಿಯಾಗಿ ಮಾತಾಡದೆ ಕಳಿಸಿಬಿಟ್ಟೆ. ರಾತ್ರಿ ಮಲಗಿದಾಗ 2013ರ ಆ ಇಂಟರ್‌ವ್ಯೂ ನೆನಪಾಯಿತು. ಬೆಳಿಗ್ಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ರಿಜಿಸ್ಟರ್ ನೋಡಿ ಅವನು ನಡೆಸಿದ ಸೆಷನ್‌ಗಳನ್ನೆಲ್ಲ ಲೆಕ್ಕ ಹಾಕಿ ಅನುಭವ ಪತ್ರ ಬರೆದು ಪ್ರಿನ್ಸಿಪಾಲರ ಸಹಿ ಮಾಡಿಸಿ ಕಳಿಸಿದೆ. ಅಲ್ಲಿಂದ ಪದ್ಧತಿ ಮಾಡಿದೆ. ಅಸಿಸ್ಟೆಂಟ್ ಸೇರಿದ ದಿನವೇ ಪತ್ರ, ಗೌರವಧನ ಎಷ್ಟೇ ಇರಲಿ ಬ್ಯಾಂಕಿಗೆ. ಎರಡು ಅಥವಾ ಮೂರು ವರ್ಷಕ್ಕೆ ಹೊರಡುವುದು ಎಂದು ಮೊದಲೇ ಮಾತು.

ಎರಡನೆಯವನು ಲೈಸೆನ್ಸ್ ದಾರಿ ಬಿಟ್ಟು ಓದಿನ ದಾರಿ ಹಿಡಿದ. ಬಿ.ಪಿ.ಎಡ್., ಎಂ.ಪಿ.ಎಡ್., ಕೆ-ಸೆಟ್ ಮುಗಿಸಿ ಈಗ ಇನ್ನೊಂದು ಕಾಲೇಜಿನಲ್ಲಿ ಪಿ.ಡಿ. ಆಗಿದ್ದಾನೆ. ಆರ್ಥಿಕವಾಗಿ ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಿಂತವನು ಅವನೇ. ಕೇಳಿದವರಿಗೆ ನಾನು ಹೇಳುವುದು: ಪದವಿ ಇದ್ದು, ಓದುವ ತಾಳ್ಮೆ ಇದ್ದರೆ ಮೊದಲು ಎಂ.ಪಿ.ಎಡ್. ಮಾಡಿ, ಲೈಸೆನ್ಸ್ ಆಮೇಲೂ ಮಾಡಬಹುದು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾದ ಮೇಲೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಒಂದರ ಬದಲು ಮೂರು ತಂಡ ಹೋಗುವಂತಾಯಿತು. ತಂಡ ಮೂರಾದರೆ ಅದರ ಜೊತೆ ಹೋಗುವ ಕೋಚ್, ಮ್ಯಾನೇಜರ್ ಜಾಗವೂ ಮೂರು ಪಟ್ಟು. ಸಣ್ಣ ಕಾಲೇಜಿನವರಿಗೆ ಮೊದಲು ಆ ಬಾಗಿಲು ತೆರೆಯುತ್ತಿದ್ದದ್ದು ಅಪರೂಪ.

ಮೂರನೆಯವನ ವಿಷಯ ಬರೆಯಲು ಕಷ್ಟ. ಆಟವನ್ನು ಓದುವುದರಲ್ಲಿ ನನಗಿಂತ ಮುಂದಿದ್ದ. ಎದುರಾಳಿಯ ಎಡಗಡೆಯ ಬ್ಯಾಕ್ ಯಾವ ಕಾಲಿಗೆ ಹೆದರುತ್ತಾನೆ ಎಂದು ಹತ್ತು ನಿಮಿಷದಲ್ಲಿ ಹೇಳುತ್ತಿದ್ದ. 2020ರಲ್ಲಿ ಕೋವಿಡ್‌ಗೆ ಗ್ರೌಂಡ್ ಮುಚ್ಚಿತು, ಸ್ಕೂಲು, ಟರ್ಫ್ ಎಲ್ಲ ಒಟ್ಟಿಗೆ ನಿಂತವು. ಹತ್ತು ತಿಂಗಳ ಗುತ್ತಿಗೆಯವನಿಗೆ ಆ ವರ್ಷ ಗುತ್ತಿಗೆಯೂ ಇಲ್ಲ. ಬೈಕಿನಲ್ಲಿ ಡೆಲಿವರಿಗೆ ಹೋದ, ಮದುವೆಯಾಯಿತು, ವಾಪಸ್ ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋಗಿ ಕರೆದೆ. "ಬೆಳಿಗ್ಗೆ ಆರರಿಂದ ಎಂಟು ನಿಮಗೆ ಕೊಟ್ರೆ ನನಗೆ ಒಳ್ಳೆ ಆರ್ಡರ್ ಹೋಗತ್ತೆ ಸಾರ್" ಎಂದ. ಅದಕ್ಕೆ ಉತ್ತರ ಕೊಡುವಷ್ಟು ದುಡ್ಡು ನಮ್ಮ ಕಾಲೇಜಿನ ಹತ್ತಿರ ಇರಲಿಲ್ಲ. ಈಗಲೂ ಇಲ್ಲ.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ಮೊದಲು ಫೋನ್ ಮಾಡಿದವನು ಅವನೇ. ಅದಕ್ಕೂ ಹಿಂದೆ ನಾವು ಗೆದ್ದದ್ದು 1968-69ರಲ್ಲಿ, ಆಗ ಮೈಸೂರು ರಾಜ್ಯ. ಕೋಚ್ ರವಿ ಬಾಬು ರಾಜು ನಮ್ಮವರೇ ಎನ್ನುವ ಸಂತೋಷದಲ್ಲಿ ಅರ್ಧ ಗಂಟೆ ಮಾತಾಡಿದ. ಫೈನಲ್ಲಿನ ಮೂರೂ ಗೋಲು ಹೇಗೆ ಬಂದವು ಎಂದು ಬಿಡಿಸಿ ಹೇಳಿದ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ.

ನಾಲ್ಕನೆಯವಳು ನಮ್ಮ ಕಾಲೇಜಿಗೆ ಹುಡುಗಿಯರ ಟೀಮ್ ಮಾಡಬೇಕೆಂದು ತಾನೇ ಬಂದು ಕೇಳಿದ ಹುಡುಗಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಆಡುವುದನ್ನು ನೋಡಿದ ಮೇಲೆ ಹುಡುಗಿಯರು ಬರುತ್ತಾರೆ ಎನ್ನುವುದು ಅವಳ ಲೆಕ್ಕ. ಮೊದಲ ತಿಂಗಳು ಐದು ಜನ ಬಂದರು, ಐದು ಜನರ ಮನೆಗೂ ಅವಳೇ ಹೋಗಿ ಅಮ್ಮಂದಿರ ಹತ್ತಿರ ಮಾತಾಡಿ ಬಂದಳು. ಈಗ ಹದಿನೇಳು. ಡಿ ಲೈಸೆನ್ಸ್ ಆಗಿದೆ, ಸಿಗೆ ಅರ್ಜಿ ಹಾಕಿದ್ದಾಳೆ. ಮಹಿಳಾ ಕೋಚ್‌ಗಳನ್ನು ಸ್ಕೂಲುಗಳು ಹುಡುಕುತ್ತಿವೆ, ಹಾಗಾಗಿ ನಮ್ಮ ಹತ್ತಿರ ಅವಳು ಹೆಚ್ಚು ದಿನ ಇರುವುದಿಲ್ಲ ಎಂದು ನನಗೆ ಗೊತ್ತು.

ಕಳೆದ ವಾರ ಅರ್ಜಿಗೆ ಬೇಕೆಂದು ಅವಳು ಹಳೆಯ ರಿಜಿಸ್ಟರ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ತನ್ನ ಸೆಷನ್‌ಗಳನ್ನು ಎಣಿಸುತ್ತಿದ್ದಳು. "ಸಾರ್, ಇಲ್ಲಿ ಎರಡು ದಿನ ನನ್ನ ಹೆಸರು ಬಿಟ್ಟಿದ್ದೀರಿ, ಮಳೆ ಅಂತ ಬರೆದಿದ್ದೀರಿ. ಮಳೆ ಬಂದ್ರೂ ಕಾರಿಡಾರ್‌ನಲ್ಲಿ ನಾನು ಮಾಡಿಸಿದ್ದೆ" ಎಂದಳು. ನಿಜವೇ. ಪೆನ್ನು ತೆಗೆದು ಎರಡೂ ಕಡೆ ಅವಳ ಹೆಸರು, ನಲವತ್ತು ನಿಮಿಷ ಎಂದು ಸೇರಿಸಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಪ್ರಿನ್ಸಿಪಾಲರ ಸಹಿಗೆ ಸೋಮವಾರ ಹೋಗಬೇಕು.