ತಾತನ ಮಳೆ ಬುಕ್ಕು, ಸಿ ಭಾಷೆ, ಮತ್ತೆ ಕಳೆದುಹೋದ ಒಂದು ಸೆಂಟು

ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿರೋ ಹುಡುಗ್ರು ಹುಡುಗೀರು ಯಾರೇ ಸಿಗ್ಲಿ, ಹೇಳೋದು ಒಂದೇ ಮಾತು: "ಸಿಂಟ್ಯಾಕ್ಸ್ ಎಲ್ಲ ಬರುತ್ತೆ, ಆದ್ರೆ ಪ್ರಾಬ್ಲಂ ಕೊಟ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ." ಹಾಸನದಲ್ಲಿ ಬಿಸಿಎ ಮಾಡ್ತಿರೋ ನಮ್ಮ ಅಕ್ಕನ ಮಗಳು ರಜಕ್ಕೆ ಸಕಲೇಶಪುರದ ಮನೆಗೆ ಬಂದಾಗ ಅದನ್ನೇ ಹೇಳಿದ್ಲು. ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ಲ್ಯಾಪ್‌ಟಾಪಲ್ಲಿ ಇನ್ನೊಂದೆರಡು ಗಂಟೆ ಚಾರ್ಜು. ಪ್ರೈಮ್ ನಂಬರ್, ಪಾಲಿಂಡ್ರೋಮ್ ಅಂತ ಅದೇ ಹಳೇ ಲೆಕ್ಕ ಕೊಡೋಕೆ ನಂಗೂ ಮನಸ್ಸಾಗ್ಲಿಲ್ಲ, ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತಾಕಿದ್ದ ಅಪ್ಪನ ಮಳೆ ಬುಕ್ಕು ತೆಗೆದು ಅವಳ ಮುಂದೆ ಇಟ್ಟೆ.

ತೋಟ ಇರೋ ಮನೆಯವರಿಗೆ ಇದನ್ನ ಹೇಳಬೇಕಿಲ್ಲ, ಬೇರೆಯವರಿಗೆ ಹೇಳ್ತೀನಿ. ನಮ್ಮ ಕಡೆ ಮಳೆನ ಮಿಲಿಮೀಟರ್‌ನಲ್ಲಿ ಯಾರೂ ಮಾತಾಡಲ್ಲ, ಇಂಚು ಸೆಂಟ್ಸಲ್ಲೇ ಮಾತು. ನೂರು ಸೆಂಟ್ಸು ಅಂದ್ರೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್. ಬೆಳಿಗ್ಗೆ ರೇನ್ ಗೇಜ್ ನೋಡಿ ಬುಕ್ಕಲ್ಲಿ ಬರೆಯೋದು, ಆಮೇಲೆ ಫೋನ್ ಮಾಡಿ "ನಿಮ್ಮಲ್ಲೆಷ್ಟು?" ಅಂತ ಕೇಳೋದು, ಕಾಫಿ ಕುಡಿಯೋದು ಅದಾದ ಮೇಲೆ.

ಲೆಕ್ಕ ಇಷ್ಟೇ. ದಿನಾ ಬಿದ್ದ ಮಳೆ ಸೆಂಟ್ಸಲ್ಲಿ ಒಂದೊಂದಾಗಿ ಟೈಪ್ ಮಾಡ್ತೀವಿ, ಮುಗೀತು ಅನ್ನೋಕೆ -1 ಕೊಡ್ತೀವಿ. ಒಟ್ಟು ಎಷ್ಟು, ಮಳೆ ಬಂದ ದಿನ ಎಷ್ಟು, ಮಳೆ ಬಂದ ದಿನಕ್ಕೆ ಸರಾಸರಿ ಎಷ್ಟು, ಹೇಳಬೇಕು. ಸುಲಭ ಅನ್ಸುತ್ತೆ ಅಲ್ವಾ? 1980ರ ದಶಕದಲ್ಲಿ ಅಮೆರಿಕದ ಯೇಲ್ ಯೂನಿವರ್ಸಿಟಿಯ ಎಲಿಯಟ್ ಸೊಲೊವೇ ಅನ್ನೋರು ಹೆಚ್ಚುಕಮ್ಮಿ ಇದೇ ಥರದ ಲೆಕ್ಕ ಹೊಸಬರಿಗೆ ಕೊಟ್ಟು ನೋಡಿದ್ರು, ಅಲ್ಲಿ ಕೊನೆಗೆ ಕೊಡೋ ನಂಬರ್ 99999. ತಪ್ಪು ಮಾಡಿದೋರೇ ಜಾಸ್ತಿ. ಪ್ರೋಗ್ರಾಮಿಂಗ್ ಕಲಿಸೋರ ಮಧ್ಯೆ ಇವತ್ತಿಗೂ ಅದಕ್ಕೆ 'ರೇನ್‌ಫಾಲ್ ಪ್ರಾಬ್ಲಂ' ಅಂತಾನೇ ಹೆಸರು, ಮಲೆನಾಡಿನೋರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಲೆಕ್ಕ ಇನ್ನೆಲ್ಲಿ ಸಿಗುತ್ತೆ ಹೇಳಿ.

ಮೊದ್ಲು ಕೈಲಿ ಮಾಡಿ

ಲ್ಯಾಪ್‌ಟಾಪ್ ಮುಚ್ಚಿಡಿ. ಬುಕ್ಕಿಂದ ಆರು ದಿನದ್ದು ತಗೊಂಡ್ವಿ: 0, 35, 112, 0, 48, 40. ಬೆರಳಲ್ಲಿ ಕೂಡಿದ್ರೆ ಒಟ್ಟು 235, ಮಳೆ ಬಂದಿದ್ದು 4 ದಿನ, ಸರಾಸರಿ 58.75. ಈ ಮೂರು ಉತ್ತರನ ಪೇಪರ್ ಮೂಲೇಲಿ ಬರೆದು ಸುತ್ತ ಗೆರೆ ಹಾಕಿಡಿ, ಯಾಕಂದ್ರೆ ಪ್ರೋಗ್ರಾಮ್ ಏನೋ ಒಂದು ನಂಬರ್ ಕೊಟ್ಟಾಗ ಅದು ಸರಿನಾ ತಪ್ಪಾ ಅಂತ ಹೇಳೋಕೆ ನಿಮ್ಮ ಹತ್ರ ಬೇರೆ ಏನೂ ಇರಲ್ಲ, ಸ್ಕ್ರೀನ್ ಮೇಲೆ ಬಂದಿದ್ದೆಲ್ಲ ಸರಿ ಅಂತ ನಂಬೋ ಚಟ ಶುರುವಾಗೋದೇ ಇಲ್ಲಿಂದ.

ಆಮೇಲೆ ನೀವು ಕೂಡುವಾಗ ತಲೇಲಿ ಏನೇನು ನೆನಪಿಟ್ಕೊಂಡಿದ್ರಿ ಅಂತ ಯೋಚ್ನೆ ಮಾಡಿ. ಇಲ್ಲೀವರೆಗಿನ ಮೊತ್ತ ಒಂದು, ಎಷ್ಟು ದಿನ ಮಳೆ ಅನ್ನೋದು ಒಂದು, ಈಗ ಓದ್ತಿರೋ ನಂಬರ್ ಒಂದು. ಮೂರೇ. ಅವೇ ನಿಮ್ಮ ವೇರಿಯಬಲ್‌ಗಳು.

ನಮ್ಮ ಹುಡುಗಿ ಪೇಪರ್ ಮಾತು ಕಿವಿಗೇ ಹಾಕ್ಕೊಳ್ದೆ ನೇರ ಟೈಪ್ ಮಾಡೋಕೆ ಕೂತ್ಲು. ಡು-ವೈಲ್ ಲೂಪ್ ಹಾಕಿ, ಒಳಗೆ ನಂಬರ್ ಓದು, ಒಟ್ಟಿಗೆ ಸೇರ್ಸು, ದಿನಕ್ಕೆ ಒಂದು ಸೇರ್ಸು, ನಂಬರ್ -1 ಆಗೋವರೆಗೂ ಸುತ್ತು ಅಂತ ಬರೆದ್ಲು. ಕಂಪೈಲ್ ಆಯ್ತು (ಅಂದ್ರೆ ಕೋಡ್ ಕಂಪ್ಯೂಟರ್ ನಡೆಸೋ ರೂಪಕ್ಕೆ ಬಂತು), ಒಂದು ಎರರ್ ಇಲ್ಲ, ಖುಷಿಯೋ ಖುಷಿ. ರನ್ ಮಾಡಿದ್ರೆ ಒಟ್ಟು 234, ಮಳೆ ದಿನ 7.

ಆರಾಮ್ ಕುರ್ಚಿಯಿಂದ್ಲೇ ಅಪ್ಪ ಕೇಳಿದ್ರು, "ಒಂದು ಸೆಂಟು ಎಲ್ಲಿ ಸೋರ್ತು ಪುಟ್ಟಿ?"

"ತಾತ, ಕಂಪ್ಯೂಟರ್ ಲೆಕ್ಕ ತಪ್ಪಲ್ಲ" ಅಂದ್ಲು. ಕಂಪ್ಯೂಟರ್ ತಪ್ಪಿರ್ಲಿಲ್ಲ, ನಿಜಾನೇ.

ಇಂಥ ಕಡೆ ಕೋಡ್‌ನ ದಿಟ್ಟಿಸಿ ನೋಡ್ತಾ ಕೂತ್ರೆ ಏನೂ ಹೊಳೆಯಲ್ಲ. ಪೇಪರ್ ಮೇಲೆ ಮೂರು ಕಾಲಂ ಗೀಚಿ, ನೀವೇ ಕಂಪ್ಯೂಟರ್ ಅನ್ಕೊಂಡು ಒಂದೊಂದೇ ಲೈನ್ ನಡೆಸ್ಕೊಂಡು ಹೋಗಿ. ಡ್ರೈ ರನ್ ಅಂತಾರಲ್ಲ, ಅದೇ. ಅವಳ ಪೇಪರಲ್ಲಿ ಬಂದಿದ್ದು ಹೀಗೆ:

ಓದಿದ್ದು 0: ಒಟ್ಟು 0, ದಿನ 1
ಓದಿದ್ದು 35: ಒಟ್ಟು 35, ದಿನ 2
ಓದಿದ್ದು 112: ಒಟ್ಟು 147, ದಿನ 3
ಓದಿದ್ದು 0: ಒಟ್ಟು 147, ದಿನ 4
ಓದಿದ್ದು 48: ಒಟ್ಟು 195, ದಿನ 5
ಓದಿದ್ದು 40: ಒಟ್ಟು 235, ದಿನ 6
ಓದಿದ್ದು -1: ಒಟ್ಟು 234, ದಿನ 7

ಕೊನೇ ಲೈನ್ ಬರೆಯುವಾಗ ಪೆನ್ನು ಅಲ್ಲೇ ನಿಂತ್ಕೊಳ್ತು. ಮುಗೀತು ಅಂತ ಹೇಳೋಕೆ ಕೊಟ್ಟ -1 ಕೂಡ ಮಳೆ ಲೆಕ್ಕಕ್ಕೆ ಸೇರ್ಕೊಂಡಿದೆ, ಯಾಕಂದ್ರೆ ಡು-ವೈಲ್ ಮೊದ್ಲು ಕೆಲಸ ಮಾಡಿ ಆಮೇಲೆ ಕೇಳುತ್ತೆ. ಮಳೆ ಇಲ್ಲದ ಎರಡು ದಿನಾನೂ ಎಣಿಸ್ಕೊಂಡಿದೆ, ಅದು ಬೇರೆ ತಪ್ಪು. ಎರಡೂ ಒಂದೇ ಟೇಬಲಲ್ಲಿ ಸಿಕ್ಕಿಬಿದ್ವು.

ಈಗ ಕೋಡ್

ಸರಿ ಮಾಡಿದ ಮೇಲೆ ಲೂಪ್ ಹೀಗಾಯ್ತು. ಓದೋಕೆ ಸುಲಭ ಆಗ್ಲಿ ಅಂತ ಎಲ್ಲಾನೂ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಇಂಟ್ (ಪೂರ್ಣ ಸಂಖ್ಯೆ ಇಡೋಕೆ), ವೈಲ್ (ಮತ್ತೆ ಮತ್ತೆ ಮಾಡ್ಸೋಕೆ), ಇಫ್ (ಹೀಗಿದ್ರೆ ಮಾತ್ರ ಮಾಡು ಅನ್ನೋಕೆ) ಇವನ್ನೆಲ್ಲ ನೀವು ಟೈಪ್ ಮಾಡೋದು ಇಂಗ್ಲಿಷ್ ಚಿಕ್ಕಕ್ಷರದಲ್ಲಿ. (ಅಂದ ಹಾಗೆ ಜಿಸಿಸಿ ಅನ್ನೋ ಕಂಪೈಲರಿನ 10ನೇ ವರ್ಷನ್‌ನಿಂದ ಈಚೆಗೆ ವೇರಿಯಬಲ್ ಹೆಸರನ್ನ ನಿಜವಾಗ್ಲೂ ಕನ್ನಡದಲ್ಲೇ ಇಡಬಹುದು, 'ಒಟ್ಟು' ಅಂತ ಬರೆದ್ರೆ ಒಪ್ಕೊಳ್ಳುತ್ತೆ. ಲ್ಯಾಬಲ್ಲಿ ಮೇಡಂ ಒಪ್ತಾರಾ ಅದು ಬೇರೆ ಮಾತು.)

ಇಂಟ್ ಒಟ್ಟು = 0, ದಿನ = 0, ಸೆಂಟ್ಸ್;
ವೈಲ್ (ಸ್ಕ್ಯಾನ್‌ಎಫ್("%ಡಿ", &ಸೆಂಟ್ಸ್) == 1 && ಸೆಂಟ್ಸ್ != -1) {
    ಇಫ್ (ಸೆಂಟ್ಸ್ > 0) {
        ಒಟ್ಟು = ಒಟ್ಟು + ಸೆಂಟ್ಸ್;
        ದಿನ = ದಿನ + 1;
    }
}

ಮೊದಲ ಲೈನಲ್ಲಿ ಆ ಎರಡು ಸೊನ್ನೆ ಬಿಟ್ರೆ ಕಥೆ ಮುಗೀತು. ಫಂಕ್ಷನ್ ಒಳಗಿನ ವೇರಿಯಬಲ್‌ಗೆ ಸಿ ತಾನಾಗೇ ಸೊನ್ನೆ ಇಡಲ್ಲ, ಮೆಮೊರೀಲಿ ಆ ಜಾಗದಲ್ಲಿ ಮೊದ್ಲು ಏನಿತ್ತೋ ಆ ಕಸಾನೇ ಇರುತ್ತೆ. ನಿನ್ನೆ ನೀರು ಚೆಲ್ಲದೇ ಇರೋ ರೇನ್ ಗೇಜಲ್ಲಿ ಇವತ್ತಿನ ಮಳೆ ಅಳೆದ ಹಾಗೆ. ಒಮ್ಮೊಮ್ಮೆ ಅದೃಷ್ಟಕ್ಕೆ ಸೊನ್ನೆನೇ ಸಿಕ್ಕಿ ನಿಮ್ಮ ಮನೇಲಿ ಸರಿ ಬರುತ್ತೆ, ಲ್ಯಾಬಲ್ಲಿ ತಪ್ಪು ಬರುತ್ತೆ, ಆಮೇಲೆ "ನಮ್ಮನೇಲಿ ಬಂದಿತ್ತು ಮೇಡಂ" ಅಂತ ಹೇಳ್ಕೊಂಡು ನಿಂತ್ಕೋಬೇಕಾಗುತ್ತೆ.

ಟೈಪ್ ಮಾಡಿದ್ದನ್ನ ಓದೋ ಸ್ಕ್ಯಾನ್‌ಎಫ್ ಪಕ್ಕದ '== 1' ಬಹಳ ಜನ ಬರೆಯಲ್ಲ. ಎಷ್ಟು ನಂಬರ್ ಸರಿಯಾಗಿ ಓದ್ದೆ ಅಂತ ಸ್ಕ್ಯಾನ್‌ಎಫ್ ವಾಪಸ್ ಹೇಳುತ್ತೆ. ಸೊನ್ನೆ ಬದಲು ಕೈತಪ್ಪಿ 'ಓ' ಅಕ್ಷರ ಒತ್ತಿದ್ರೆ ಅದು ನಂಬರ್ ಅಲ್ಲ, ಓದೋಕಾಗಲ್ಲ, ಆ ಅಕ್ಷರ ಅಲ್ಲೇ ಕೂತಿರುತ್ತೆ, ಮತ್ತೆ ಓದೋಕೆ ಹೋದ್ರೂ ಅದೇ ಅಡ್ಡ ಬರುತ್ತೆ, '== 1' ಇಲ್ಲ ಅಂದ್ರೆ ಲೂಪ್ ನಿಲ್ಲೋದೇ ಇಲ್ಲ. ಇನ್ನೊಂದು, ವೈಲ್ ಬ್ರಾಕೆಟ್ ಮುಗಿದ ತಕ್ಷಣ ಅಭ್ಯಾಸಬಲದಿಂದ ಸೆಮಿಕೋಲನ್ ಹಾಕ್ಬೇಡಿ. ಹಾಕಿದ್ರೆ ಲೂಪ್ ಅಲ್ಲಿಗೇ ಮುಗೀತು ಅಂತ ಅರ್ಥ, ನಂಬರೆಲ್ಲ ಓದಿ ಓದಿ ಬಿಸಾಕಿ, ಕೊನೆಗೆ ಒಟ್ಟು 0 ಅಂತ ತೋರಿಸುತ್ತೆ, ಎರರ್ ಮಾತ್ರ ಬರಲ್ಲ.

ಕಂಪೈಲ್ ಮಾಡೋಕೆ ಉಬುಂಟುನಲ್ಲಿ ಜಿಸಿಸಿ ಹಾಕ್ಕೊಳ್ಳಿ, ಲ್ಯಾಪ್‌ಟಾಪ್ ಇಲ್ಲ ಅಂದ್ರೆ ಆಂಡ್ರಾಯ್ಡ್ ಫೋನಲ್ಲಿ ಟರ್ಮಕ್ಸ್ ಅನ್ನೋ ಆಪ್ ಹಾಕಿ ಅದರಲ್ಲಿ ಕ್ಲಾಂಗ್ ಅನ್ನೋ ಕಂಪೈಲರ್ ಹಾಕ್ಕೊಂಡ್ರೂ ನಡೆಯುತ್ತೆ. ಕಮಾಂಡ್ ಕೊಡುವಾಗ ಮೈನಸ್ ಡಬ್ಲ್ಯೂ-ಆಲ್ ಅನ್ನೋ ಆಪ್ಷನ್ ಮರೀಬೇಡಿ, ಡಬ್ಲ್ಯೂ ದೊಡ್ಡಕ್ಷರ. ವಾರ್ನಿಂಗ್‌ಗಳು ಹೊರಗೆ ಬರೋದು ಅದರಿಂದ. ಸ್ಕ್ಯಾನ್‌ಎಫ್‌ನಲ್ಲಿ & ಚಿಹ್ನೆ ಮರೆತ್ರೆ ಪ್ರೋಗ್ರಾಮ್ ಕಂಪೈಲೇನೋ ಆಗಬಹುದು, ರನ್ ಮಾಡಿದಾಗ 'ಸೆಗ್ಮೆಂಟೇಷನ್ ಫಾಲ್ಟ್' ಅಂತ ಮಕಾಡೆ ಬೀಳುತ್ತೆ. ವಾರ್ನಿಂಗ್ ಓದಿದ್ರೆ ಅದನ್ನ ಮೊದ್ಲೇ ಹೇಳಿರುತ್ತೆ. ಮತ್ತೆ, ಇಪ್ಪತ್ತು ಎರರ್ ಬಂತು ಅಂತ ಗಾಬರಿ ಬೀಳ್ಬೇಡಿ, ಮೊದಲನೇದು ಮಾತ್ರ ಓದಿ, ಸರಿ ಮಾಡಿ, ಮತ್ತೆ ಕಂಪೈಲ್ ಮಾಡಿ, ಬಹಳ ಸಲ ಉಳಿದ ಹತ್ತೊಂಬತ್ತೂ ಅದರ ಹಿಂದೇನೇ ಹೋಗಿರ್ತವೆ.

ಭಾಗಾಕಾರದ ಕಿತಾಪತಿ

ಒಟ್ಟು 235, ದಿನ 4 ಬಂತು. ಸರಾಸರಿ? 58. ಪೇಪರಲ್ಲಿ 58.75 ಇದೆ. ಸಿ ಭಾಷೇಲಿ ಇಂಟನ್ನ ಇಂಟಿಂದ ಭಾಗಿಸಿದ್ರೆ ಉತ್ತರಾನೂ ಇಂಟೇ, ಚಿಲ್ಲರೆ ಕತ್ತರಿಸಿ ಬಿಸಾಕುತ್ತೆ, ಹತ್ತಿರದ ನಂಬರ್‌ಗೆ ರೌಂಡ್ ಕೂಡ ಮಾಡಲ್ಲ. ಒಟ್ಟು ಅನ್ನೋದರ ಹಿಂದೆ ಬ್ರಾಕೆಟಲ್ಲಿ ಡಬಲ್ (ಚಿಲ್ಲರೆ ಸಮೇತ ಇಡೋ ನಂಬರ್) ಅಂತ ಹಾಕಿ: (ಡಬಲ್)ಒಟ್ಟು / ದಿನ. ಇಡೀ ಭಾಗಾಕಾರಕ್ಕೆ ಬ್ರಾಕೆಟ್ ಹಾಕಿ ಆಚೆ ಡಬಲ್ ಬರೆದ್ರೆ ಉಪಯೋಗ ಇಲ್ಲ, ಅಷ್ಟೊತ್ತಿಗೆ ಚಿಲ್ಲರೆ ಹೋಗಿಯಾಗಿರುತ್ತೆ, 58.000000 ಅಂತ ಬಂದು ಅಣಕಿಸುತ್ತೆ.

ಜನವರಿ ತಿಂಗಳ ಲೆಕ್ಕ ಕೊಟ್ರೆ? ಮಳೆನೇ ಇಲ್ಲ, ದಿನ 0, ಸೊನ್ನೆಯಿಂದ ಭಾಗಾಕಾರ. ಎರಡೂ ಇಂಟ್ ಆಗಿದ್ರೆ ಲಿನಕ್ಸ್ ಲ್ಯಾಪ್‌ಟಾಪಲ್ಲಿ 'ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಷನ್' ಅಂತ ನಿಂತ್ಹೋಗುತ್ತೆ (ಫ್ಲೋಟೇ ಇಲ್ಲದ ಕಡೆ ಆ ಹೆಸರು ಯಾಕೆ ಬಂತು ಅಂತ ತಲೆ ಕೆಡಿಸ್ಕೋಬೇಡಿ, ಹಳೇ ಹೆಸರು ಹಾಗೇ ಉಳ್ಕೊಂಡಿದೆ). ಭಾಗಿಸೋಕೆ ಮುಂಚೆ ದಿನ ಸೊನ್ನೆನಾ ಅಂತ ಒಂದು ಇಫ್ ಹಾಕಿ. ಅಲ್ಲಿ ಎರಡು ಸಮಚಿಹ್ನೆ ಬೇಕು, ಒಂದೇ ಹಾಕಿದ್ರೆ ಕೇಳಿದ ಹಾಗಾಗಲ್ಲ, ದಿನಕ್ಕೆ ಸೊನ್ನೆ ತುಂಬಿದ ಹಾಗಾಗುತ್ತೆ.

ಇಂಟ್ ಎಷ್ಟು ದೊಡ್ಡದು ಅನ್ನೋದೂ ಗೊತ್ತಿರ್ಲಿ. ಇವತ್ತಿನ ಕಂಪೈಲರ್‌ಗಳಲ್ಲಿ ಸಾಮಾನ್ಯವಾಗಿ 214 ಕೋಟಿ ಚಿಲ್ಲರೆ, ಸರಿಯಾಗಿ ಹೇಳೋದಾದ್ರೆ 2147483647. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ, ಹಾಗಾಗಿ ಗೊರೂರು ಡ್ಯಾಂ ನೀರನ್ನ ಘನ ಅಡಿ ಲೆಕ್ಕದಲ್ಲಿ ಇಂಟ್‌ಗೆ ತುಂಬಿಸಿದ್ರೆ ಮೂರನೇ ಟಿಎಂಸಿಗೇ ಕೋಡಿ ಬೀಳುತ್ತೆ. ಸಾಮಾನ್ಯವಾಗಿ -1294967296 ಅಂತ ಏನೋ ಬರುತ್ತೆ, ಆದ್ರೆ ಇದೇ ಬರಬೇಕು ಅಂತ ಸಿ ಭಾಷೆ ನಿಯಮದಲ್ಲಿ ಎಲ್ಲೂ ಇಲ್ಲ, ಏನು ಬೇಕಾದ್ರೂ ಆಗಬಹುದು. ಅಂಥದಕ್ಕೆ ಇಂಟ್‌ಗಿಂತ ದೊಡ್ಡದಾದ ಲಾಂಗ್ ಲಾಂಗ್ ಬಳಸಿ. ನೀಲಿ ಸ್ಕ್ರೀನಿನ ಟರ್ಬೋ ಸಿ ಇನ್ನೂ ಓಡಿಸ್ತಿದ್ರಂತೂ ಇಂಟ್ ಮಿತಿ 32767 ಅಷ್ಟೇ, ಸೆಂಟ್ಸಲ್ಲಿ 327 ಇಂಚು. ನಮ್ಮ ತೋಟದ ನಾಲ್ಕೈದು ವರ್ಷದ ಮಳೆ ಕೂಡಿದ್ರೆ ಸಾಕು, ದಾಟಿಬಿಡುತ್ತೆ.

ಅಪ್ಪ ಬರೆಯೋ ಥರ

ಇಲ್ಲೀವರೆಗೂ ನಾನು ಒಂದು ವಿಷ್ಯ ಮುಚ್ಚಿಟ್ಟಿದ್ದೆ. ಅಪ್ಪ ಬುಕ್ಕಲ್ಲಿ 112 ಅಂತ ಬರೆಯಲ್ಲ, 1-12 ಅಂತ ಬರೀತಾರೆ. ಒಂದು ಇಂಚು ಹನ್ನೆರಡು ಸೆಂಟ್ಸು. ಮೂವತ್ತೈದು ಸೆಂಟ್ಸಿಗೆ 0-35. ಹುಡುಗಿ ಹೋಗ್ಲಿ ಅಂತ ಎರಡು '%ಡಿ' ಪಕ್ಕಪಕ್ಕ ಹಾಕಿ ಓದಿದ್ಲು, ಮೊದಲ್ನೇದನ್ನ ನೂರರಿಂದ ಗುಣಿಸಿ ಎರಡನೇದನ್ನ ಕೂಡಿದ್ಲು. ಬಂದಿದ್ದು 88! ನಡುವಿನ ಗೀಟನ್ನ ಸ್ಕ್ಯಾನ್‌ಎಫ್ ಮೈನಸ್ ಅಂತ ತಿಳ್ಕೊಂಡು 12ನ್ನ -12 ಅಂತ ಓದಿದೆ, ನೂರರಲ್ಲಿ ಹನ್ನೆರಡು ಹೋದ್ರೆ ಎಂಬತ್ತೆಂಟು. ಪರಿಹಾರ ಒಂದೇ ಅಕ್ಷರದ್ದು: "%ಡಿ-%ಡಿ" ಅಂತ ನಡುವೆ ನೀವೇ ಗೀಟು ಹಾಕಿ, ಆಗ ಅದು ಗೀಟನ್ನ ನುಂಗಿ ಮುಂದಿನದನ್ನ ಸರಿಯಾಗಿ ಓದುತ್ತೆ. ಈಗ ಎರಡು ನಂಬರ್ ಓದ್ತಿರೋದ್ರಿಂದ '== 1' ಇದ್ದಿದ್ದು '== 2' ಆಗ್ಬೇಕು. -1 ಒಂದೇ ಕೊಟ್ರೆ ಅದರ ಮುಂದೆ ಗೀಟು ಸಿಗಲ್ಲ, ಒಂದೇ ನಂಬರ್ ಓದಿ ವಾಪಸ್ ಬರುತ್ತೆ, '== 2' ಆಗದೆ ಲೂಪ್ ಅಲ್ಲಿಗೇ ನಿಲ್ಲುತ್ತೆ, ಯಾವುದಾದ್ರೂ ಅಕ್ಷರ ಒತ್ತಿ ಎಂಟರ್ ಕೊಟ್ರೂ ಆಯ್ತು.

ಪ್ರತಿಸಲ ಟೈಪ್ ಮಾಡೋಕೆ ಬೇಜಾರು ಅಂತ ನಂಬರ್‌ಗಳನ್ನ ಕೋಡ್ ಒಳಗೇ ಅರ್ರೇಗೆ (ನಂಬರ್‌ಗಳನ್ನ ಸಾಲಾಗಿ ಇಡೋ ಪಟ್ಟಿಗೆ) ಹಾಕೋಕೆ ಹೋಗಿ ಇನ್ನೊಂದು ಗುಂಡಿಗೆ ಬಿದ್ಲು. ಚೆಂದ ಕಾಣ್ಲಿ ಅಂತ ಎಲ್ಲಾದನ್ನೂ ಮೂರು ಅಂಕಿ ಮಾಡಿ 035, 112, 048 ಅಂತ ಬರೆದ್ಲು. 048ಕ್ಕೆ ಕಂಪೈಲರ್ ಬೈದು ನಿಲ್ಲಿಸ್ತು. ಯಾಕಂದ್ರೆ ಸಿ ಕೋಡಲ್ಲಿ ಸೊನ್ನೆಯಿಂದ ಶುರುವಾಗೋ ನಂಬರು ಆಕ್ಟಲ್, ಎಂಟರ ಲೆಕ್ಕ, ಅಲ್ಲಿ 8 ಅನ್ನೋ ಅಂಕಿನೇ ಇಲ್ಲ. 048 ಇದ್ದಿದ್ದು ಪುಣ್ಯ, ಅದು ಇಲ್ದೇ ಹೋಗಿದ್ರೆ 035ನ್ನ ಸದ್ದಿಲ್ದೆ 29 ಮಾಡ್ಕೊಂಡು ಹೋಗ್ತಿತ್ತು, ಆರು ಸೆಂಟು ಎಲ್ಲಿ ಹೋಯ್ತು ಅಂತ ನಾವು ರಾತ್ರಿಯೆಲ್ಲ ಹುಡುಕ್ತಾ ಇರ್ತಿದ್ವಿ.

ಕೊನೆಗೆ ಉತ್ತರಾನೂ ಅಪ್ಪನ ಥರಾನೇ ತೋರಿಸ್ಬೇಕು ಅಂತ ಹಟ ಹಿಡಿದ್ಲು. ಆಗ ನೋಡಿ, ಅಷ್ಟು ಹೊತ್ತು ಕಾಟ ಕೊಟ್ಟಿದ್ದ ಚಿಲ್ಲರೆ ಬಿಸಾಕೋ ಭಾಗಾಕಾರಾನೇ ಕೈ ಹಿಡೀತು. 235 / 100 ಅಂದ್ರೆ 2, ಅದು ಇಂಚು. 235 % 100 ಅಂದ್ರೆ ಉಳಿದಿದ್ದು 35, ಅದು ಸೆಂಟ್ಸು. ಪ್ರಿಂಟ್‌ಎಫ್‌ನಲ್ಲಿ "%ಡಿ-%02ಡಿ" ಅಂತ ಕೊಡಿ, ಆ 02 ಇಲ್ಲ ಅಂದ್ರೆ ಎರಡು ಇಂಚು ಐದು ಸೆಂಟ್ಸು 2-5 ಅಂತ ಬರುತ್ತೆ, ನೋಡಿದೋರು ಎರಡೂವರೆ ಇಂಚು ಅನ್ಕೋತಾರೆ.

2-35 ಅಂತ ಬಂತು. ಲ್ಯಾಪ್‌ಟಾಪ್ ಎತ್ಕೊಂಡು ಹೋಗಿ ತಾತನ ಮುಂದೆ ಹಿಡಿದ್ಲು. ಅಪ್ಪ ಕನ್ನಡಕ ಏರಿಸ್ಕೊಂಡು ಸ್ಕ್ರೀನ್ ನೋಡಿದ್ರು, ಬುಕ್ಕು ನೋಡಿದ್ರು, ಮತ್ತೆ ಸ್ಕ್ರೀನ್ ನೋಡಿ ಅಂದ್ರು, "ಎಲ್ಲ ಸರಿ ಇದೆ ಪುಟ್ಟಿ, ಇವತ್ತು ಬೆಳಿಗ್ಗೇದು ಸೇರ್ಸಿಲ್ವಲ್ಲ."